ತೋಟದ ಮನೆ ಶೆಡ್ಡಿಗೆ ಎರಡು ಎಚ್‌ಪಿ ಕಂಪ್ರೆಸರ್: ಕೆಲವು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕಾರಿನ ಟೈರಿಗೆ ಗಾಳಿ ಹಿಡಿಯುವುದು, ಅಪರೂಪಕ್ಕೆ ಸ್ಟೆಪ್ನಿ ಹಾಕುವುದು, ಇಷ್ಟೇ ನಿಮ್ಮ ಕೆಲಸ ಅಂತಾದರೆ ಏರ್ ಕಂಪ್ರೆಸರ್ ತಗೊಳ್ಳಬೇಡಿ. 12 ವೋಲ್ಟಿನ ಸಣ್ಣ ಇನ್‌ಫ್ಲೇಟರ್ ಮತ್ತು ನಟ್ ಬಿಚ್ಚಲು ಒಂದು ಬ್ಯಾಟರಿ ಇಂಪ್ಯಾಕ್ಟ್ ರೆಂಚ್ ಸಾಕು. ಜಾಗ ಉಳಿಯುತ್ತದೆ, ಗಲಾಟೆಯೂ ಇಲ್ಲ. ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಹಳೇ ಜೀಪು, ಕಾರು, ಬೈಕು, ಎರಡು ವೀಡ್ ಕಟರ್, ಅಡಿಕೆ ಸುಲಿಯುವ ಮಷಿನ್ ಎಲ್ಲಾ ಒಂದೇ ಶೆಡ್ಡಿನಲ್ಲಿವೆ. ಹಾಗಾಗಿ ನನಗೆ ಬೇಕಿತ್ತು.

ನಾನು ತಂದಿದ್ದು ಎರಡು ಎಚ್‌ಪಿ, 50 ಲೀಟರ್ ಟ್ಯಾಂಕ್, ಆಯಿಲ್ ಹಾಕುವ ಡೈರೆಕ್ಟ್ ಡ್ರೈವ್ ಮಾದರಿ, ಅಂದರೆ ಬೆಲ್ಟ್ ಇಲ್ಲದೆ ಮೋಟರೇ ನೇರವಾಗಿ ಪಿಸ್ಟನ್ ಓಡಿಸುವಂಥದ್ದು. ಸಿಂಗಲ್ ಫೇಸ್. ಪಂಕ್ಚರ್ ಅಂಗಡಿಗಳಲ್ಲಿರುವ ಬೆಲ್ಟ್ ಕಂಪ್ರೆಸರ್ ನಿಧಾನಕ್ಕೆ ತಿರುಗುತ್ತದೆ, ಹೆಚ್ಚು ಬಾಳಿಕೆ ಬರುತ್ತದೆ. ಆದರೆ ಅದು ಕೂತ ಜಾಗದಲ್ಲೇ ಕೂರಬೇಕು. ನನ್ನದಕ್ಕೆ ಚಕ್ರ ಇದೆ, ಅಂಗಳದ ತುದಿವರೆಗೂ ಎಳೆದುಕೊಂಡು ಹೋಗಬಹುದು. ಆಯಿಲ್ ಫ್ರೀ ಕಂಪ್ರೆಸರ್‌ಗಳಲ್ಲಿ ನಿಧಾನ ಸ್ಪೀಡಿನವು ಸದ್ದು ಕಡಿಮೆ ಮಾಡುತ್ತವೆ. ಪೇಂಟ್ ಹೊಡೆಯುವವರಿಗೆ ಅವೇ ಒಳ್ಳೆಯದು, ಗಾಳಿಯ ಜೊತೆ ಆಯಿಲ್ ಬರುವುದಿಲ್ಲ. ನನ್ನದರ ಸದ್ದು ಮಾತ್ರ ಕೇಳಲೇಬೇಡಿ. ಮಧ್ಯಾಹ್ನ ಊಟವಾದ ಮೇಲೆ ಆನ್ ಮಾಡುವ ಧೈರ್ಯ ನನಗಿಲ್ಲ.

ಅಂಗಡಿಗೆ ಹೋದರೆ ಎಚ್‌ಪಿ ಎಷ್ಟು, ಲೀಟರ್ ಎಷ್ಟು ಅನ್ನುವುದನ್ನೇ ಹೇಳುತ್ತಾರೆ. ಕೇಳಬೇಕಾದ್ದು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡುತ್ತದೆ ಅನ್ನುವುದು. ಅದರಲ್ಲೂ ಒಂದು ಕಣ್ಕಟ್ಟು ಇದೆ. ಲೇಬಲ್ ಮೇಲೆ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಪಿಸ್ಟನ್ ಸರಿಸುವ ಗಾಳಿಯ ಲೆಕ್ಕ. ಹೋಸಿನ ತುದಿಗೆ ಬರುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಇದನ್ನು ಮನೆಯಲ್ಲೇ ಅಳೆಯಬಹುದು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತಳದಲ್ಲಿ ನೀರು ಬಿಡುವ ಡ್ರೈನ್ ಮುಚ್ಚಿ, ಆನ್ ಮಾಡಿ ಗಡಿಯಾರ ನೋಡಿ. ಬಾರ್ ಅಂದರೆ ಒತ್ತಡದ ಅಳತೆ, ಒಂದು ಬಾರ್ ಹೆಚ್ಚುಕಮ್ಮಿ ಹೊರಗಿನ ಗಾಳಿಯ ಒತ್ತಡದಷ್ಟು. 50 ಲೀಟರ್ ಟ್ಯಾಂಕು 8 ಬಾರ್‌ಗೆ ಬಂತು ಅಂದರೆ ಒಳಗೆ ಹೋಗಿದ್ದು ಸುಮಾರು 400 ಲೀಟರ್ ಹೊರಗಿನ ಗಾಳಿ. ನನ್ನದು ಇದಕ್ಕೆ ಹೆಚ್ಚುಕಮ್ಮಿ ಮೂರು ನಿಮಿಷ ತಗೊಳ್ಳುತ್ತದೆ. ಅಂದರೆ ನಿಮಿಷಕ್ಕೆ 133 ಲೀಟರ್. ಒಂದು ಘನ ಅಡಿ ಅಂದರೆ 28.3 ಲೀಟರ್, ಹಾಗಾಗಿ 4.7 ಸಿಎಫ್‌ಎಂ. ಲೇಬಲ್ಲಿನಲ್ಲಿ 8 ಅಂತ ಇದೆ!

ಈ ಲೆಕ್ಕ ಗೊತ್ತಾದರೆ ಯಾವ ಟೂಲ್ ತಗೊಳ್ಳಬೇಕು ಅನ್ನುವ ಪ್ರಶ್ನೆ ತಾನಾಗೇ ಬಗೆಹರಿಯುತ್ತದೆ. ಅರ್ಧ ಇಂಚಿನ ಇಂಪ್ಯಾಕ್ಟ್ ಗನ್ ಗಾಳಿ ಜಾಸ್ತಿ ಎಳೆದರೂ ಒಂದು ನಟ್ಟಿಗೆ ಎರಡು ಮೂರು ಸೆಕೆಂಡ್ ಅಷ್ಟೇ ಓಡುತ್ತದೆ. ಆಮೇಲೆ ಮುಂದಿನ ನಟ್ಟಿಗೆ ಹೋಗುವಷ್ಟರಲ್ಲಿ ಟ್ಯಾಂಕ್ ಸುಧಾರಿಸಿಕೊಳ್ಳುತ್ತದೆ. ಸ್ಯಾಂಡರ್, ಗ್ರೈಂಡರ್ ಹಾಗಲ್ಲ. ಬಿಡದೆ ಓಡಬೇಕು, 8 ಸಿಎಫ್‌ಎಂಗೂ ಮೇಲೆ ಬೇಡುತ್ತವೆ. ಗೆಳೆಯರೊಬ್ಬರ ಏರ್ ಸ್ಯಾಂಡರ್ ತಂದು ಜೀಪಿನ ಬಾನೆಟ್ ಮೇಲೆ ಹಿಡಿದು ನೋಡಿದೆ. ಅರ್ಧ ನಿಮಿಷದೊಳಗೆ ಒತ್ತಡ 8ರಿಂದ 6 ಬಾರ್‌ಗೆ ಇಳಿದು ಮೋಟರ್ ಶುರುವಾಯಿತು. ಆಮೇಲೆ ಮೋಟರ್ ನಿಲ್ಲಲೇ ಇಲ್ಲ, ಸ್ಯಾಂಡರ್ ಮಾತ್ರ ಸುಸ್ತಾಗುತ್ತಾ ಹೋಯಿತು. ಉಜ್ಜುವ ಕೆಲಸಕ್ಕೆ ಕರೆಂಟಿನ ಟೂಲೇ ಸೈ. ಹತ್ತಾರು ಐಟಂ ತುಂಬಿದ 'ಏರ್ ಟೂಲ್ ಕಿಟ್' ಡಿಸ್ಕೌಂಟಿನಲ್ಲಿ ಕಂಡರೂ ಸುಮ್ನೆ ಮುಂದಕ್ಕೆ ಹೋಗಿ.

ಇಂಪ್ಯಾಕ್ಟ್ ಗನ್ನಿಗೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟುಗಳನ್ನೇ ಹಾಕಿ. ಮಿರಮಿರ ಹೊಳೆಯುವ ಕ್ರೋಮ್ ಸಾಕೆಟ್ ಹೊಡೆತಕ್ಕೆ ಒಡೆದು ಮುಖಕ್ಕೆ ಸಿಡಿಯಬಹುದು. ಬಿಚ್ಚುವುದಕ್ಕೆ ಗನ್, ಕೊನೆಯಲ್ಲಿ ಬಿಗಿ ಮಾಡುವುದಕ್ಕೆ ಟಾರ್ಕ್ ರೆಂಚ್, ಇದು ನನ್ನ ಪದ್ಧತಿ. ಕೆಲಸಕ್ಕೆ ಮೊದಲು ಗಾಳಿ ಹೋಗುವ ತೂತಿಗೆ ನಾಲ್ಕು ಹನಿ ಏರ್ ಟೂಲ್ ಆಯಿಲ್ ಬಿಡುತ್ತೇನೆ. ನಮ್ಮ ಮಳೆಗೆ ಇಲ್ಲದಿದ್ದರೆ ಒಳಗೆಲ್ಲಾ ತುಕ್ಕು.

ನಿಜಕ್ಕೂ ದುಡ್ಡು ವಸೂಲಾಗಿದ್ದು ಮಾತ್ರ ಎಲ್ಲಕ್ಕಿಂತ ಅಗ್ಗದ ಬ್ಲೋ ಗನ್ನಿನಿಂದ. ವೀಡ್ ಕಟರಿನ ಎಂಜಿನ್ ತಣಿಸುವ ರೆಕ್ಕೆಗಳ ನಡುವೆ ಒಣಗಿ ಕೂತ ಹುಲ್ಲು, ಸುಲಿಯುವ ಮಷಿನ್ನಿನ ಬೇರಿಂಗ್ ಸುತ್ತ ಸೇರಿದ ಸಿಪ್ಪೆ ನಾರು, ಜೀಪಿನ ಏರ್ ಫಿಲ್ಟರ್ ಎಲ್ಲಕ್ಕೂ ಅದೇ. ಫಿಲ್ಟರಿಗೆ ಒಳಗಿನಿಂದ ಹೊರಕ್ಕೆ ಊದಬೇಕು. ಕಾರ್ಬುರೇಟರ್ ಜೆಟ್ ಊದುವಾಗ ಒತ್ತಡ ಹೊಂದಿಸುವ ರೆಗ್ಯುಲೇಟರನ್ನು 2 ಬಾರ್‌ಗೆ ಇಳಿಸಿಕೊಳ್ಳಿ, ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಂ, ಬಿಚ್ಚಿಟ್ಟೇ ಊದಿ. ಅಡಿಕೆ ಸುಲಿದಾದ ಮೇಲೆ ಮೈಮೇಲಿನ ದೂಳನ್ನೂ ಇದರಲ್ಲೇ ಹೊಡೆದುಕೊಳ್ಳುವ ಚಾಳಿ ನಮ್ಮ ಕಡೆ ಶುರುವಾಗಿದೆ. ದಯವಿಟ್ಟು ಬೇಡ. ಕಣ್ಣಿಗೆ ಕಸ ಹೊಡೆಯುತ್ತದೆ, ಗಾಯವಿದ್ದರೆ ಗಾಳಿ ಚರ್ಮದೊಳಗೆ ನುಗ್ಗುತ್ತದೆ.

ಕರೆಂಟಿನ ವಿಷಯ. ಎರಡು ಎಚ್‌ಪಿ ಅಂದರೆ ಒಂದೂವರೆ ಕಿಲೋವ್ಯಾಟ್. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. 16 ಆಂಪ್ ಪ್ಲಗ್ ಬೇಕೇ ಬೇಕು. ಸಂಜೆ ಪಂಪ್‌ಸೆಟ್ಟುಗಳು ಶುರುವಾದಾಗ ನಮ್ಮಲ್ಲಿ ವೋಲ್ಟೇಜ್ 190ಕ್ಕೂ ಕೆಳಗೆ ಬೀಳುತ್ತದೆ. ಆಗ ಮೋಟರ್ 'ಹುಂಯ್' ಅಂತ ನಿಂತುಬಿಡುತ್ತದೆ, ತಕ್ಷಣ ಆಫ್ ಮಾಡದಿದ್ದರೆ ವೈಂಡಿಂಗ್ ಸುಡುತ್ತದೆ. ಒಂದು ಸಲ ಕೆಪಾಸಿಟರ್ ಹೋಯಿತು, ಊರಿನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಹಾಕಿಕೊಟ್ಟರು. ದೂರದಲ್ಲಿ ಕೆಲಸವಿದ್ದರೆ ತೆಳು ವೈರಿನ ಎಕ್ಸ್‌ಟೆನ್ಶನ್ ಬೇಡ, ಏರ್ ಹೋಸನ್ನೇ ಉದ್ದ ಮಾಡಿ. ಮತ್ತೆ, ಗಾಳಿಗೆ ಪಿವಿಸಿ ಪೈಪ್ ಎಳೆಯುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ.

ಮಳೆಗಾಲದ ಕಥೆಯೇ ಬೇರೆ. 25 ಡಿಗ್ರಿಯ ತೇವದ ಗಾಳಿ 400 ಲೀಟರ್ ಎಳೆದರೆ ಅದರಲ್ಲಿ ಸುಮಾರು 9 ಗ್ರಾಂ ನೀರಿನ ಆವಿ ಇರುತ್ತದೆ. ಒತ್ತಿದ ಗಾಳಿ ತಣ್ಣಗಾದ ಮೇಲೆ ಅದರಲ್ಲಿ ಬಹುಪಾಲು ಟ್ಯಾಂಕಿನ ತಳದಲ್ಲೇ ನೀರಾಗಿ ನಿಲ್ಲುತ್ತದೆ. ಜುಲೈನಲ್ಲಿ ಡ್ರೈನ್ ತಿರುಗಿಸಿದರೆ ಚಹಾ ಬಣ್ಣದ ನೀರು ಚಿಮ್ಮುತ್ತದೆ. ಆ ಬಣ್ಣ ಟ್ಯಾಂಕಿನ ತುಕ್ಕು. ಅದಕ್ಕೇ ಕೆಲಸ ಮುಗಿದ ಕೂಡಲೇ ಡ್ರೈನ್ ಬಿಚ್ಚಿ, ಹಾಗೇ ತೆರೆದಿಟ್ಟು ಬರುತ್ತೇನೆ. ಡ್ರೈನ್ ಟ್ಯಾಂಕಿನ ಹೊಟ್ಟೆಯ ಕೆಳಗಿದೆ, ಬಗ್ಗಿ ಕೈ ಹಾಕಬೇಕು. ಬೇಜಾರಿನ ಕೆಲಸ. ಮಾಡದಿದ್ದರೆ ಟ್ಯಾಂಕಿನ ತಗಡು ಒಳಗಿನಿಂದ ಸವೆಯುತ್ತದೆ, ನಾವು ಪಕ್ಕದಲ್ಲೇ ನಿಂತು ಕೆಲಸ ಮಾಡುವವರು ಅಲ್ವಾ.

ದೊಡ್ಡ ರಿಪೇರಿ ಅಂತ ಬಂದಿದ್ದು ನಾನ್ ರಿಟರ್ನ್ ವಾಲ್ವ್, ಅಂದರೆ ಟ್ಯಾಂಕಿನ ಗಾಳಿ ವಾಪಸ್ ಹೋಗದಂತೆ ತಡೆಯುವ ವಾಲ್ವ್. ಮೋಟರ್ ನಿಂತಾಗ, ಒತ್ತಡ ನೋಡಿ ಮೋಟರನ್ನು ಆನ್ ಆಫ್ ಮಾಡುವ ಪ್ರೆಶರ್ ಸ್ವಿಚ್ಚಿನಿಂದ ಒಮ್ಮೆ 'ಪುಸ್' ಅಂದರೆ ಅದು ಸರಿ. ನನ್ನದು ಪುಸ್ ಅನ್ನುವುದನ್ನು ನಿಲ್ಲಿಸಲೇ ಇಲ್ಲ, ಟ್ಯಾಂಕಿನ ಗಾಳಿಯೆಲ್ಲಾ ಅಲ್ಲಿಂದಲೇ ಸೋರುತ್ತಿತ್ತು. ಸರ್ವಿಸ್ ಸೆಂಟರಿನವರು ಸ್ವಿಚ್ಚನ್ನೇ ಬದಲಾಯಿಸಬೇಕು, ಪಾರ್ಟ್ ಬರಲು ಟೈಮ್ ಆಗುತ್ತೆ ಅಂದರು. ಗಾಳಿ ಪೂರ್ತಿ ಬಿಟ್ಟು, ಟ್ಯಾಂಕಿನ ಮೇಲಿನ ಹಿತ್ತಾಳೆ ನಟ್ ಬಿಚ್ಚಿ ನೋಡಿದರೆ ಒಳಗಿನ ಪುಟ್ಟ ರಬ್ಬರ್ ಬಿಲ್ಲೆಗೆ ಕಪ್ಪು ಕಾರ್ಬನ್ ಚೂರೊಂದು ಅಂಟಿಕೊಂಡಿತ್ತು. ಒರೆಸಿ ಹಾಕಿದೆ, ಸರಿಹೋಯಿತು. ಸ್ವಿಚ್ ಹಳೆಯದೇ ಇದೆ.

ಆದ್ದರಿಂದ ಕೊಳ್ಳುವ ದಿನವೇ ಅಂಗಡಿಯವರ ಹತ್ತಿರ ಈ ವಾಲ್ವ್, ಗ್ಯಾಸ್ಕೆಟ್ ಸೆಟ್, ಕೆಪಾಸಿಟರ್ ಸಿಗುತ್ತಾ ಕೇಳಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌ಜೆಪಿ ರೋಡಿನಲ್ಲಿ ಫಿಟ್ಟಿಂಗುಗಳು ರಾಶಿ ಸಿಗುತ್ತವೆ. ಆದರೆ ಥ್ರೆಡ್ ನೋಡಿಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಬಿಎಸ್‌ಪಿ, ಅಮೆರಿಕದ ಟೂಲುಗಳಲ್ಲಿ ಎನ್‌ಪಿಟಿ. ಕಾಲಿಂಚಿನಲ್ಲಿ ಬಿಎಸ್‌ಪಿಗೆ ಇಂಚಿಗೆ 19 ಸುತ್ತು, ಎನ್‌ಪಿಟಿಗೆ 18. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಎರಡು ಸುತ್ತು ಚೆನ್ನಾಗೇ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ, ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಏಳುತ್ತಲೇ ಇರುತ್ತದೆ.