ಎಂಟು ವಾರದ ಇತಿಹಾಸ ಕೋರ್ಸು: ಒಬ್ಬ ಪಂಪ್ ರಿಪೇರಿಯವನ ರಿವ್ಯೂ

ಸ್ಕೂಲಿನಲ್ಲಿ ಇತಿಹಾಸದ ಪೀರಿಯಡ್ ಅಂದರೆ ನನಗೆ ನಿದ್ದೆಯ ಪೀರಿಯಡ್. ಯಾವ ರಾಜ ಯಾರ ಮಗ, ಯಾವ ಯುದ್ಧ ಯಾವ ವರ್ಷ, ಎಲ್ಲವನ್ನೂ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನವೇ ಮರೆತವನು ನಾನು. ಈಗ ಇಪ್ಪತ್ತೆರಡು ವರ್ಷದಿಂದ ಪಂಪು, ಮೋಟರು, ವಾಲ್ವುಗಳ ರಿಪೇರಿ ನೋಡಿಕೊಳ್ಳುತ್ತಿದ್ದೇನೆ. ಇಂಥವನು ಇತಿಹಾಸದ ಆನ್‌ಲೈನ್ ಕೋರ್ಸಿಗೆ ಕೂತಿದ್ದು ಆಸಕ್ತಿಯಿಂದಲ್ಲ. ಮಗಳು ಸೇರಿದ್ದಳು. ಮೊದಲ ವಾರಕ್ಕೇ ಬೇಜಾರಾಗಿ ಬಿಟ್ಟಳು. ಕಟ್ಟಿದ ದುಡ್ಡು ವಾಪಸ್ ಕೊಡುವುದಿಲ್ಲ ಅಂದರು. ಸುಮ್ನೆ ಯಾಕೆ ಹಾಳು ಮಾಡುವುದು ಅಂತ ನಾನು ಕೂತೆ.

ಕೋರ್ಸಿನ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಕೊನೆಯಲ್ಲಿ ಸ್ವಲ್ಪ ಬೈಯುವುದಿದೆ. ವಿಷಯ ಇಷ್ಟು: ಹಿಂದೆ ಆಗಿದ್ದನ್ನು ತಿಳಿದುಕೊಂಡರೆ ಇವತ್ತಿನ, ಮುಂದಿನ ಸಮಸ್ಯೆ ಬಿಡಿಸಲು ಹೇಗೆ ಉಪಯೋಗ. ವಾರಕ್ಕೆ ಮೂರು ವಿಡಿಯೋ, ಒಂದು ಬರೆಯುವ ಕೆಲಸ, ಒಂದು ಕ್ವಿಜ್.

ಮೊದಲ ವಾರ ಬರೀ ಪೀಠಿಕೆ. ಇತಿಹಾಸ ಮರೆತವರು ಅದನ್ನೇ ಮತ್ತೆ ಅನುಭವಿಸುತ್ತಾರೆ ಅನ್ನೋ ಮಾತನ್ನು ಮೇಡಂ ನಾಲ್ಕು ಸಲ ಹೇಳಿದರು. ನಾನು ಎಣಿಸಿದೆ. ಮಗಳು ಬಿಟ್ಟಿದ್ದು ಯಾಕೆ ಅಂತ ಗೊತ್ತಾಯ್ತು.

ಎರಡನೇ ವಾರ ನನ್ನ ಬೆನ್ನು ನೆಟ್ಟಗಾಯಿತು. ಅಮೆರಿಕದ ಟಕೋಮಾ ನ್ಯಾರೋಸ್ ತೂಗುಸೇತುವೆಯ ಕತೆ. 1940ರ ಜುಲೈ 1ರಂದು ತೆರೆಯಿತು, ನವೆಂಬರ್ 7ರಂದು ಬಿತ್ತು. ಗಾಳಿ ಗಂಟೆಗೆ ಸುಮಾರು 64 ಕಿಲೋಮೀಟರ್, ಅಷ್ಟೇ. ಅದು ಬೀಳುವ ವಿಡಿಯೋ ನೀವೂ ನೋಡಿರುತ್ತೀರಿ. ಒದ್ದೆ ಬಟ್ಟೆ ಹಿಂಡಿದ ಹಾಗೆ ರಸ್ತೆ ತಿರುಚಿಕೊಳ್ಳುತ್ತದೆ. ನಾನು ಹತ್ತು ಸಲ ನೋಡಿದ್ದೆ, ಹಿಂದಿನ ಕತೆ ಮಾತ್ರ ಗೊತ್ತಿರಲಿಲ್ಲ. ಅದಕ್ಕಿಂತ ನೂರು ವರ್ಷ ಮೊದಲೇ ಇಂಥವು ಗಾಳಿಗೆ ಕುಣಿದು ಮುರಿದಿದ್ದವು. ಸಮುದ್ರದೊಳಕ್ಕೆ ಚಾಚಿದ ತೂಗುಕಟ್ಟೆ, ಇಂಗ್ಲೆಂಡಿನ ಬ್ರೈಟನ್ ಚೈನ್ ಪಿಯರ್ 1836ರಲ್ಲಿ, ಅಮೆರಿಕದ ವೀಲಿಂಗ್ ಸೇತುವೆ 1854ರಲ್ಲಿ. ಜಾನ್ ರೋಬ್ಲಿಂಗ್ ಅನ್ನೋ ಇಂಜಿನಿಯರ್ ಈ ಸೋಲುಗಳನ್ನು ಕೂತು ಓದಿದ್ದ. 1855ರಲ್ಲಿ ನಯಾಗರ ಕಣಿವೆಗೆ ಸೇತುವೆ ಕಟ್ಟಿದಾಗ ಗಟ್ಟಿ ಚೌಕಟ್ಟು ಕೂರಿಸಿದ, ಓರೆಯಾಗಿ ಎಳೆದು ಕಟ್ಟುವ ಕೇಬಲ್‌ಗಳನ್ನೂ ಹಾಕಿದ. ಅವನು ನಕ್ಷೆ ಹಾಕಿದ ಬ್ರೂಕ್ಲಿನ್ ಸೇತುವೆ 1883ರಿಂದ ಇವತ್ತಿಗೂ ನಿಂತಿದೆ.

ಆಮೇಲೆ ಏನಾಯ್ತು? ಸೇತುವೆಗಳು ನಿಂತವು. ನಿಂತಿದ್ದಕ್ಕೇ ಭಯ ಹೋಯ್ತು. ಒಂದಕ್ಕಿಂತ ಒಂದು ತೆಳ್ಳಗೆ, ಹಗುರ. ಟಕೋಮಾದ ಎರಡು ಗೋಪುರಗಳ ನಡುವೆ 853 ಮೀಟರ್. ಸೇತುವೆಯ ಅಗಲ ಸುಮಾರು 12 ಮೀಟರ್. ರಸ್ತೆ ಹೊತ್ತ ಗರ್ಡರ್‌ನ, ಅಂದರೆ ಉಕ್ಕಿನ ತೊಲೆಯ, ಎತ್ತರ ಬರೀ 2.4 ಮೀಟರ್. ಆಗಿನ ಲೆಕ್ಕದ ಪ್ರಕಾರ ಎಲ್ಲ ಸರಿಯೇ. ಗಾಳಿಗೆ ಕುಣಿಯುತ್ತದೆ ಅನ್ನೋದು ಆ ಲೆಕ್ಕದಲ್ಲೇ ಇರಲಿಲ್ಲ. 1950ರಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿದಾಗ ಅಡಿಯ ಚೌಕಟ್ಟಿಗೆ ಸುಮಾರು 10 ಮೀಟರ್ ಎತ್ತರ ಕೊಟ್ಟರು. ನಮ್ಮ ಕೆಲಸದಲ್ಲೂ ಇದೇ ಅಲ್ವಾ? ಹತ್ತು ವರ್ಷ ಕೆಡದ ಪಂಪಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಮೂರನೇ ವಾರ ಜಪಾನ್, 2011ರ ಸುನಾಮಿ. ಅಲೆ ನುಗ್ಗಿ ರಿಯಾಕ್ಟರ್‌ಗಳು ಕರಗಿದ ಫುಕುಶಿಮಾ ದಾಯಿಚಿ ಅಣುಸ್ಥಾವರ ಎಲ್ಲರಿಗೂ ಗೊತ್ತು. ಭೂಕಂಪದ ಕೇಂದ್ರಕ್ಕೆ ಅದಕ್ಕಿಂತ ಹತ್ತಿರವಿದ್ದ ಒನಗಾವಾ ಅಣುಸ್ಥಾವರದ ಹೆಸರು ನಾನು ಕೇಳಿಯೇ ಇರಲಿಲ್ಲ. ಅಲ್ಲಿ ಒಂದು ಕಡೆ ಬೆಂಕಿ ಹತ್ತಿತು, ನೆಲಮಾಳಿಗೆಗೆ ನೀರು ನುಗ್ಗಿತು, ಆದರೂ ರಿಯಾಕ್ಟರ್‌ಗಳಿಗೆ ಏನೂ ಆಗಲಿಲ್ಲ. ಮನೆ ಕಳೆದುಕೊಂಡ ಸುತ್ತಲಿನ ಜನ ಆ ಸ್ಥಾವರದ ಒಳಗೇ ಆಶ್ರಯ ಪಡೆದರು. ಕಟ್ಟುವಾಗ ಹಿರಾಯಿ ಯಾನೋಸುಕೆ ಅನ್ನೋ ಹಿರಿಯ ಇಂಜಿನಿಯರ್, ಕ್ರಿ.ಶ. 869ರ ಜೋಗನ್ ಸುನಾಮಿಯನ್ನು ನೆನಪಿಸಿ, ಎತ್ತರದಲ್ಲೇ ಕಟ್ಟಬೇಕು ಅಂತ ಹಟ ಹಿಡಿದಿದ್ದರು. ಸಮುದ್ರ ಮಟ್ಟದಿಂದ 14.8 ಮೀಟರ್ ಎತ್ತರದಲ್ಲಿ ಕಟ್ಟಿದರು. ಅಲೆ ಬಂದಿದ್ದು ಸುಮಾರು 13 ಮೀಟರ್. ಫುಕುಶಿಮಾದಲ್ಲಿ 35 ಮೀಟರಿನ ದಿಬ್ಬವನ್ನೇ ಕಡಿದು 10 ಮೀಟರಿಗೆ ಇಳಿಸಿದ್ದರು. ಅಡಿಪಾಯ ಬಂಡೆಯ ಮೇಲೆ ಕೂರಲಿ, ಸಮುದ್ರದ ನೀರು ಎತ್ತುವ ಖರ್ಚು ಉಳಿಯಲಿ ಅಂತ. ಪಂಪಿನವನಾಗಿ ಹೇಳುತ್ತೇನೆ, ಆ ಲೆಕ್ಕವನ್ನು ನಾನೂ ಹಾಕಿರುತ್ತಿದ್ದೆ. ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ನಾಲ್ಕನೇ ವಾರ ಸಾಮ್ರಾಜ್ಯಗಳು ಯಾಕೆ ಬೀಳುತ್ತವೆ ಅಂತ. ಹಾರಿಸಿ ನೋಡಿದೆ.

ಇಡೀ ಕೋರ್ಸಿನ ಬೆಲೆ ಇರುವುದು ಐದನೇ ವಾರದಲ್ಲಿ. 1976, ಅಮೆರಿಕದ ಫೋರ್ಟ್ ಡಿಕ್ಸ್ ಸೇನಾ ಶಿಬಿರ. ಹಂದಿಜ್ವರದ ವೈರಸ್‌ನಿಂದ ಒಬ್ಬ ಸೈನಿಕ ಸತ್ತ. ಡಾಕ್ಟರುಗಳಿಗೆ, ಅಧಿಕಾರಿಗಳಿಗೆ ನೆನಪಾಗಿದ್ದು ಲೋಕದಲ್ಲಿ ಕೋಟಿಗಟ್ಟಲೆ ಜನರನ್ನು ಕೊಂದ 1918ರ ಫ್ಲೂ. ಅಧ್ಯಕ್ಷ ಫೋರ್ಡ್ ಇಡೀ ದೇಶಕ್ಕೆ ಲಸಿಕೆ ಅಂದರು. 4 ಕೋಟಿಗೂ ಹೆಚ್ಚು ಜನ ಹಾಕಿಸಿಕೊಂಡರು. ಹೆದರಿದ್ದ ಮಾರಿ ಬರಲೇ ಇಲ್ಲ. ಲಸಿಕೆ ಪಡೆದ ಕೆಲವರಲ್ಲಿ ಗಿಲಾನ್ ಬಾರೆ ಅನ್ನೋ ನರದ ಕಾಯಿಲೆ ಕಾಣಿಸಿಕೊಂಡಿತು. ಡಿಸೆಂಬರಿನಲ್ಲಿ ಎಲ್ಲ ನಿಲ್ಲಿಸಿದರು. ಲಸಿಕೆ ಕೆಟ್ಟದ್ದು ಅಂತ ಯಾರೂ ಇದನ್ನು ಓದಿಕೊಳ್ಳಬಾರದು. ಇಲ್ಲಿ ಇತಿಹಾಸ ಮರೆತವರು ಯಾರೂ ಇರಲಿಲ್ಲ. ಎಲ್ಲರಿಗೂ ಚೆನ್ನಾಗಿ ನೆನಪಿತ್ತು, ಅದೇ ತೊಂದರೆಯಾಯ್ತು. ಮೊದಲ ವಾರ ನಾಲ್ಕು ಸಲ ಹೇಳಿದ ಮಾತಿಗೆ ಐದನೇ ವಾರ ಮೇಡಂ ತಾವೇ ಉತ್ತರ ಕೊಟ್ಟ ಹಾಗಿತ್ತು.

ಆ ವಾರದ ಬರೆಯುವ ಕೆಲಸ: ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ, ಆಗಿನದಕ್ಕೂ ಈಗಿನದಕ್ಕೂ ಏನೇನು ಹೋಲುತ್ತದೆ. ಬಲಕ್ಕೆ, ಏನೇನು ಹೋಲುವುದಿಲ್ಲ. ಜೊತೆಗೆ ಇನ್ನೊಂದು ಪ್ರಶ್ನೆ, ಡಾಕ್ಟರು ಕೇಳುವ ಹಾಗೆ: ಎಷ್ಟು ದಿನದಿಂದ? ಸಮಸ್ಯೆ ನಿಮ್ಮದೇ ಇರಬೇಕು, ಪುಸ್ತಕದ್ದು ನಡೆಯುವುದಿಲ್ಲ.

ನನ್ನ ಹತ್ತಿರ ಸಮಸ್ಯೆ ರೆಡಿ ಇತ್ತು. ಮೂರನೇ ನಂಬರ್ ಪಂಪಿನ ಬೇರಿಂಗ್ ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಿತ್ತು. ಉತ್ತರವೂ ರೆಡಿ ಇತ್ತು: ಗ್ರೀಸ್. ಯಾಕೆಂದರೆ ಬಹಳ ಹಿಂದೆ ಒಂದನೇ ನಂಬರ್ ಪಂಪ್ ಕೆಟ್ಟಿದ್ದು ಗ್ರೀಸಿನಿಂದ, ಅದನ್ನು ಹಿಡಿದವನು ನಾನು. ಹೊಸ ಹುಡುಗರಿಗೆ ಆ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ. ಎಡಗಡೆ ಬೇಗ ತುಂಬಿತು. ಅದೇ ಮೇಕು, ಅದೇ ಸೈಜಿನ ಬೇರಿಂಗು, ಅದೇ ಕಿರಗುಟ್ಟುವ ಸದ್ದು. ಬಲಗಡೆ ಬರೆಯಲು ಕೂತಾಗ ಬೆವರು ಬಂತು. ಒಂದನೆಯದರಲ್ಲಿ ಗ್ರೀಸ್ ಒಣಗಿ ಕರ್ರಗಾಗಿತ್ತು. ಮೂರನೆಯದರಲ್ಲಿ ಬಿಚ್ಚಿದಾಗಲೆಲ್ಲ ಹೊಸದಾಗಿಯೇ ಇತ್ತು. ಅಲೈನ್‌ಮೆಂಟ್, ಅಂದರೆ ಪಂಪಿನ ಮತ್ತು ಮೋಟರಿನ ಶಾಫ್ಟು ಒಂದೇ ಗೆರೆಯಲ್ಲಿ ಇರುವುದು, ಸರಿ ಮಾಡಿ ಬಂದರೂ ಓಡುತ್ತಾ ಓಡುತ್ತಾ ತಪ್ಪುತ್ತಿತ್ತು. ಇದೆಲ್ಲ ಕಣ್ಣೆದುರೇ ಇತ್ತು, ಬರೆದಿರಲಿಲ್ಲ ಅಷ್ಟೇ.

ಇನ್ನು ಎಷ್ಟು ದಿನದಿಂದ? ಹಳೇ ರಿಜಿಸ್ಟರುಗಳನ್ನು ತೆಗೆದು ಧೂಳು ಹೊಡೆದು ಹಿಂದಕ್ಕೆ ಓದಿದೆ. ಎರಡೂವರೆ ವರ್ಷದ ಹಿಂದಿನ ತನಕ ಬೇರಿಂಗ್ ಬದಲಿಸಿದ್ದೇ ಕಡಿಮೆ. ಮೊದಲ ಬಾರಿ ಹೋಗುವುದಕ್ಕೆ ಐದು ವಾರ ಮೊದಲು ಒಂದು ಸಾಲು: ‘ಪೇಂಟಿಂಗ್‌ಗೆ ಸಕ್ಷನ್ ಪೈಪಿನ ಸಪೋರ್ಟ್ ಬಿಚ್ಚಿದೆ. ಮುಗಿದ ಮೇಲೆ ಹಾಕುವುದು.’ ಹಾಕಿದ್ದು ಎಲ್ಲೂ ಬರೆದಿಲ್ಲ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಸಪೋರ್ಟ್ ಇಲ್ಲ, ಬೋಲ್ಟಿನ ನಾಲ್ಕು ತೂತು ಮಾತ್ರ ಇವೆ. ಪಂಪಿಗೆ ನೀರು ಎಳೆಯುವ ಆ ಪೈಪು ನೀರು ತುಂಬಿಕೊಂಡು ತನ್ನ ಭಾರವೆಲ್ಲ ಪಂಪಿನ ಮೇಲೆ ಹಾಕಿ, ಅಲೈನ್‌ಮೆಂಟ್ ತಪ್ಪಿಸಿ, ಬೇರಿಂಗ್ ತಿನ್ನುತ್ತಿತ್ತು. ರಿಜಿಸ್ಟರಿನ ಆ ಸಾಲಿನ ಕೈಬರಹ ನನ್ನದೇ.

ಇನ್ನು ಬೈಗುಳ. ಆರನೇ ವಾರ ಗುಂಪು ಚರ್ಚೆ, ಯಾರೂ ಬರಲಿಲ್ಲ. ಏಳನೇ ವಾರ ಮುಂದಿನ ಕಾಲದ ಸಮಸ್ಯೆಗಳು. ಓಝೋನ್ ಕತೆಯನ್ನು ಹತ್ತು ನಿಮಿಷದಲ್ಲಿ ಮುಗಿಸಿದರು. ಫ್ರಿಜ್, ಸ್ಪ್ರೇಗಳಲ್ಲಿದ್ದ ಸಿಎಫ್‌ಸಿ ಅನಿಲ ಓಝೋನ್ ಪದರವನ್ನು ತಿನ್ನುತ್ತದೆ ಅಂತ 1974ರಲ್ಲಿ ವಿಜ್ಞಾನಿಗಳು ಎಚ್ಚರಿಸಿದರು, 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ಸುದ್ದಿ ಬಂತು, 1987ರಲ್ಲಿ ಅದನ್ನು ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದ ಆಯ್ತು, ಹವಾಮಾನಕ್ಕೂ ಹೀಗೇ ಮಾಡಿದರಾಯ್ತು ಅಂದರು. ಮೇಡಂ, ನಿಮ್ಮ ಬಲಗಡೆ ಎಲ್ಲಿ? ಸಿಎಫ್‌ಸಿ ಮಾಡುತ್ತಿದ್ದ ಕಂಪನಿಗಳು ಬೆರಳೆಣಿಕೆಯಷ್ಟು, ಬದಲಿ ರಾಸಾಯನಿಕಗಳೂ ಸಿಕ್ಕವು. ಕಲ್ಲಿದ್ದಲು, ಪೆಟ್ರೋಲು ಹಾಗಲ್ಲ. ಎಲ್ಲರ ಅಡುಗೆಮನೆಯ ತನಕ ಬಂದಿದೆ. ಐದನೇ ವಾರ ಕಲಿಸಿದ್ದನ್ನು ಏಳನೇ ವಾರ ಅವರೇ ಮರೆತರು.

ಕ್ವಿಜ್ ಬಗ್ಗೆ ಕೇಳಬೇಡಿ. ವೀಲಿಂಗ್ ಸೇತುವೆ ಬಿದ್ದ ವರ್ಷ ಯಾವುದು, ನಾಲ್ಕರಲ್ಲಿ ಒಂದು ಆರಿಸಿ. ನಾನು 1845 ಒತ್ತಿದೆ. ‘ತಪ್ಪು, ಪಾಠ ಮತ್ತೆ ನೋಡಿ.’ ಅದು ಯಾಕೆ ಬಿತ್ತು ಅಂತ ಕೇಳಿದ್ದರೆ ಒಂದು ಪುಟ ಬರೆಯುತ್ತಿದ್ದೆ. ಆ್ಯಪಿನಲ್ಲಿ ಬರೆಯುತ್ತಿರುವಾಗ ಫೋನಿನ ಪರದೆ ಆರಿದರೆ ಬರೆದಿದ್ದೆಲ್ಲ ಮಾಯ. ನನ್ನದು ಎರಡು ಪುಟ ಹೋಯ್ತು. ದೂರು ಕೊಟ್ಟರೆ ಒಂಬತ್ತು ದಿನದ ಮೇಲೆ ಉತ್ತರ ಬಂತು: ‘ನಿಮ್ಮ ಇಂಟರ್ನೆಟ್ ಪರೀಕ್ಷಿಸಿ.’

ಐದಕ್ಕೆ ಮೂರೂವರೆ ಕೊಡುತ್ತೇನೆ. ಪರೀಕ್ಷೆಗೆ ಓದುವವರಿಗೆ ಇದು ಬೇಡ. ಒಂದೇ ರಿಪೇರಿ ಮೂರನೇ ಸಲ ಮಾಡುತ್ತಿರುವವರು ಸೇರಿ, ಪಂಪೇ ಆಗಬೇಕಿಲ್ಲ. ಮೊದಲ ವಾರ, ನಾಲ್ಕನೇ ವಾರ ಬಿಟ್ಟರೂ ನಷ್ಟವಿಲ್ಲ. ಉತ್ತರಗಳನ್ನು ಮೊದಲು ಕಾಗದದ ಮೇಲೆ ಬರೆಯಿರಿ.

ಸಪೋರ್ಟ್ ಹಾಕಿ ಏಳು ತಿಂಗಳಾಯ್ತು, ಬೇರಿಂಗ್ ಇನ್ನೂ ಓಡುತ್ತಿದೆ. ಐದನೇ ವಾರದ್ದು ಒಂದಾದರೂ ನೋಡು ಅಂತ ಮಗಳಿಗೆ ಹೇಳಿದ್ದೇನೆ, ನೋಡಿಲ್ಲ. ಸಪೋರ್ಟಿನ ಮೇಲೆ ಕೆಂಪು ಪೇಂಟಿನಲ್ಲಿ ‘ಬಿಚ್ಚಬೇಡಿ’ ಅಂತ ಬರೆಸಿದ್ದೇನೆ. ಯಾಕೆ ಅಂತ ಬರೆಯಲು ಜಾಗ ಸಾಲಲಿಲ್ಲ, ಅದು ರಿಜಿಸ್ಟರಿನಲ್ಲಿದೆ.