ಫಾರ್ ಲ್ಯಾಪ್ ನೋಡಲು ಮೂರು ಮ್ಯೂಸಿಯಂ: ಚರ್ಮ ಮೆಲ್ಬರ್ನ್‌ನಲ್ಲಿ, ಎಲುಬು ವೆಲಿಂಗ್ಟನ್‌ನಲ್ಲಿ, ಗುಂಡಿಗೆ ಕ್ಯಾನ್‌ಬೆರಾದಲ್ಲಿ

ಸತ್ತು ತೊಂಬತ್ತು ವರ್ಷ ದಾಟಿದರೂ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ದೇಶಗಳು ‘ನಮ್ಮದು’ ಎಂದು ಕಿತ್ತಾಡುವ ರೇಸ್ ಕುದುರೆ ಫಾರ್ ಲ್ಯಾಪ್. ಕಿತ್ತಾಟಕ್ಕೆ ತಕ್ಕಂತೆ ಪಾಲೂ ಆಗಿದೆ. ಚರ್ಮ ಮೆಲ್ಬರ್ನ್ ಮ್ಯೂಸಿಯಂನಲ್ಲಿ, ಅಸ್ಥಿಪಂಜರ ವೆಲಿಂಗ್ಟನ್‌ನ ಟೆ ಪಾಪಾ ಮ್ಯೂಸಿಯಂನಲ್ಲಿ, ಹೃದಯ ಕ್ಯಾನ್‌ಬೆರಾದ ನ್ಯಾಷನಲ್ ಮ್ಯೂಸಿಯಂ ಆಫ್ ಆಸ್ಟ್ರೇಲಿಯಾದಲ್ಲಿ. ಅತ್ತ ಪ್ರವಾಸ ಹೋಗುವವರಿಗೆ, ಮಗನ ಮನೆಗೋ ಮಗಳ ಮನೆಗೋ ಹೋಗಿ ಎರಡು ಮೂರು ತಿಂಗಳು ಇರುವವರಿಗೆ, ಯಾವುದನ್ನು ನೋಡಬೇಕು ಅನ್ನುವುದಕ್ಕೆ ಮೊದಲೇ ಉತ್ತರ: ಒಂದೇ ಕಡೆ ಹೋಗುವುದಾದರೆ ಮೆಲ್ಬರ್ನ್. ಕುದುರೆ ಹೇಗೆ ಓಡುತ್ತದೆ ಎಂಬ ಕುತೂಹಲ ಇರುವವರಿಗೆ ವೆಲಿಂಗ್ಟನ್. ಎಲ್ಲರೂ ಮೊದಲು ವಿಚಾರಿಸುವ ಆ ದೊಡ್ಡ ಗುಂಡಿಗೆ ಮೂರರಲ್ಲಿ ಕೊನೆಯದು.

ಹೋಗುವ ಮುಂಚೆ ಇಷ್ಟು ಗೊತ್ತಿದ್ದರೆ ಸಾಕು. ಹುಟ್ಟಿದ್ದು 1926ರ ಅಕ್ಟೋಬರ್ 4ರಂದು, ನ್ಯೂಜಿಲೆಂಡಿನ ಟಿಮಾರು ಹತ್ತಿರದ ಸೀಡೌನ್‌ನಲ್ಲಿ. 1928ರ ಹರಾಜಿನಲ್ಲಿ ಬರೀ 160 ಗಿನಿಗೆ ಬಿಕರಿಯಾದ ಮರಿ ಅದು. ಕೊಳ್ಳಲು ದುಡ್ಡು ಹಾಕಿದ ಮಾಲೀಕ ಡೇವಿಸ್‌ಗೆ ಅದರ ರೂಪ ನೋಡಿ ಎಷ್ಟು ಬೇಸರವಾಯಿತೆಂದರೆ, ತರಬೇತಿಯ ಖರ್ಚು ಕೊಡಲೇ ಒಪ್ಪಲಿಲ್ಲ. ತರಬೇತುದಾರ ಹ್ಯಾರಿ ಟೆಲ್‌ಫರ್ಡ್ ಮೂರು ವರ್ಷಕ್ಕೆ ಗುತ್ತಿಗೆ ಹಿಡಿದ: ಸಾಕುವ ಖರ್ಚೆಲ್ಲ ಅವನದು, ಗೆದ್ದ ಹಣದಲ್ಲಿ ಮೂರನೇ ಎರಡು ಪಾಲೂ ಅವನದು. ಮುಂದೆ 51 ಓಟದಲ್ಲಿ 37 ಗೆಲುವು, 66,738 ಪೌಂಡ್ ಬಹುಮಾನ. 1932ರ ಮಾರ್ಚ್ 20ರಂದು ಮೆಕ್ಸಿಕೋದ ಆಗ್ವಾ ಕಾಲಿಯೆಂಟೆಯಲ್ಲಿ ಗೆದ್ದು, ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಹೊಟ್ಟೆನೋವಿನಿಂದ ಒದ್ದಾಡಿ ಸತ್ತಿತು. ದೇಹ ಮೂರು ಪಾಲಾದದ್ದು ಆಮೇಲೆ.

ಮೆಲ್ಬರ್ನ್ ಮ್ಯೂಸಿಯಂ ಇರುವುದು ಕಾರ್ಲ್‌ಟನ್ ಗಾರ್ಡನ್ಸ್‌ನಲ್ಲಿ, ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್‌ನ ಪಕ್ಕಕ್ಕೆ. 86 ಅಥವಾ 96ನೇ ನಂಬರಿನ ಟ್ರಾಮ್ ಹಿಡಿದು ನಿಕಲ್ಸನ್ ಸ್ಟ್ರೀಟ್‌ನಲ್ಲಿ ಇಳಿದರೆ ಎದುರಿಗೇ ಸಿಗುತ್ತದೆ. ದೊಡ್ಡವರಿಗೆ ಟಿಕೆಟ್ ಇದೆ, ಮಕ್ಕಳಿಗೆ ಇಲ್ಲ. ಐಮ್ಯಾಕ್ಸ್‌ಗೂ ವಿಶೇಷ ಪ್ರದರ್ಶನಗಳಿಗೂ ಬೇರೆ ಹಣ ತೆರಬೇಕು. ಕುದುರೆ ನೋಡಲು ಆ ಟಿಕೆಟ್ ಬೇಡ. ಮಕ್ಕಳು ಜೊತೆಗಿದ್ದರೆ ಮೊದಲು ಕುದುರೆ ಮುಗಿಸಿಬಿಡಿ. ಹಾರಿಡಸ್ ಎಂಬ ಟ್ರೈಸೆರಾಟಾಪ್ಸ್ ಡೈನೋಸಾರ್ ಕಣ್ಣಿಗೆ ಬಿದ್ದ ಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವುದು ಆಗದ ಮಾತು.

ಫಾರ್ ಲ್ಯಾಪ್ ಗಾಜಿನ ಪೆಟ್ಟಿಗೆಯೊಳಗೆ, ಮಂದ ಬೆಳಕಿನಲ್ಲಿ ನಿಂತಿದೆ. ‘ಬೆಳಕೇ ಸಾಲದು’ ಎಂದು ಗೊಣಗುವವರು ಬಹಳ, ಆದರೆ ಅದು ಬೇಕೆಂದೇ ಮಾಡಿದ್ದು. ಕೂದಲಿನ ಬಣ್ಣಕ್ಕೆ ಬೆಳಕೇ ದೊಡ್ಡ ಶತ್ರು. ಕೆಂಗಂದು ಬಣ್ಣ ವರ್ಷಾನುಗಟ್ಟಲೆ ಬೆಳಕಿಗೆ ಒಡ್ಡಿದರೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಒಮ್ಮೆ ಮಾಸಿದ್ದು ವಾಪಸು ಬರುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಫೋನ್ ತೆಗೆಯದೆ ಎರಡು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಒಗ್ಗಿಕೊಳ್ಳುತ್ತದೆ. ಫೋಟೋ ಬೇಕೇ ಬೇಕೆಂದರೆ ಫ್ಲ್ಯಾಶ್ ಆಫ್ ಮಾಡಿ, ಲೆನ್ಸನ್ನು ಗಾಜಿಗೆ ಹತ್ತಿರ ತಂದು, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರಕ್ಕೆ ನಿಂತು ತೆಗೆದರೆ ಕುದುರೆಯ ಹೊಟ್ಟೆಯ ಮೇಲೆ ನಿಮ್ಮದೇ ಬಿಂಬ ಬರುತ್ತದೆ.

ಇಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಕೆಲಸಗಾರಿಕೆ. ನ್ಯೂಯಾರ್ಕಿನ ಜೋನಾಸ್ ಬ್ರದರ್ಸ್ ಕಾರ್ಯಾಗಾರದವರು ನಾಲ್ಕೂವರೆ ತಿಂಗಳು ಕೂತು ಮಾಡಿದ ಕೆಲಸ ಇದು. ಮೈಸೂರಿನ ವ್ಯಾನ್ ಇಂಗೆನ್ ಕಂಪನಿಯ ಹುಲಿ, ಚಿರತೆಗಳನ್ನು ಅರಮನೆಯಲ್ಲೋ ಹಳೇ ಬಂಗಲೆಗಳಲ್ಲೋ ನೋಡಿದವರಿಗೆ ಟ್ಯಾಕ್ಸಿಡರ್ಮಿ, ಅಂದರೆ ಸತ್ತ ಪ್ರಾಣಿಯ ಚರ್ಮವನ್ನು ಜೀವ ಇರುವಂತೆ ನಿಲ್ಲಿಸುವ ಕೆಲಸ, ಹೊಸದಲ್ಲ. ಆದರೆ ಹುಲಿ, ಕರಡಿಗಿಂತ ಕುದುರೆ ಎಷ್ಟೋ ಕಷ್ಟ. ಕರಡಿಯ ಉದ್ದ ಕೂದಲು ಹೊಲಿಗೆಯನ್ನೂ ತಪ್ಪನ್ನೂ ಮುಚ್ಚಿಬಿಡುತ್ತದೆ. ರೇಸ್ ಕುದುರೆಯ ಕೂದಲು ಗಿಡ್ಡ, ಚರ್ಮ ತೆಳು. ಒಳಗಿನ ಅಚ್ಚಿನಲ್ಲಿ ಒಂದು ಉಬ್ಬು ತಪ್ಪಿದರೂ ಹೊರಗೆ ಎದ್ದು ಕಾಣುತ್ತದೆ. ಚರ್ಮ ಒಣಗುವಾಗ ಎಳೆದುಕೊಳ್ಳುವುದರಿಂದ ಮೊದಲು ಕೆಡುವುದು ಕಣ್ಣಿನ ರೆಪ್ಪೆ, ಮೂಗಿನ ಹೊಳ್ಳೆ, ತುಟಿಯ ಅಂಚು. ಆಮೇಲೆ ಹೊಟ್ಟೆಯಡಿ ಮತ್ತು ಕಾಲಿನ ಒಳಬದಿಯ ಹೊಲಿಗೆ ಬಿರಿಯುತ್ತದೆ. ಗಾಜಿಗೆ ಹತ್ತಿರ ಬಗ್ಗಿ ಈ ಜಾಗಗಳನ್ನೇ ನೋಡಿ. ಮುಖದ ಮೇಲಿನ, ಕಾಲಿನ ನರಗಳು ತೆಳುವಾಗಿ ಎದ್ದು ನಿಂತಿವೆ. ಮೊಣಕೈ ಹಿಂದಿನ ಚರ್ಮದ ಮಡಿಕೆ ಬದುಕಿರುವ ಕುದುರೆಯಲ್ಲಿ ಇರುವ ಹಾಗೇ ಇದೆ. ಆ ಕಾಲದ ಒಳ್ಳೆಯ ಕಾರ್ಯಾಗಾರಗಳು ಹುಲ್ಲು ತುಂಬುವುದನ್ನು ಬಿಟ್ಟು ಮೊದಲು ಜೇಡಿಮಣ್ಣಿನಲ್ಲಿ ಪೂರ್ತಿ ಗಾತ್ರದ ಪ್ರಾಣಿಯನ್ನೇ ಕಡೆಯುತ್ತಿದ್ದವು. ಅದಕ್ಕೆ ಪ್ಲಾಸ್ಟರ್ ಅಚ್ಚು ತೆಗೆದು, ಅಚ್ಚಿನಿಂದ ಹಗುರವಾದ ಟೊಳ್ಳು ದೇಹ ಮಾಡಿ, ಅದರ ಮೇಲೆ ಹದ ಮಾಡಿದ ಚರ್ಮ ಕೂರಿಸುವುದು. ಹಾಗಾಗಿ ನೀವು ನೋಡುವುದು ಅರ್ಧ ಕುದುರೆ, ಅರ್ಧ ಶಿಲ್ಪ. ಹೆಗಲ ಎತ್ತರ 17 ಹ್ಯಾಂಡ್ 1 ಇಂಚು, ಅಂದರೆ ಸುಮಾರು 175 ಸೆಂ.ಮೀ.; ಸಾಧಾರಣ ಎತ್ತರದ ಗಂಡಸು ಪಕ್ಕದಲ್ಲಿ ನಿಂತರೆ ಬೆನ್ನಿನ ಆಚೆ ಬದಿ ಕಾಣುವುದಿಲ್ಲ.

ಒಂದು ಕೊರತೆ ಹೇಳಲೇಬೇಕು. ರೇಸ್ ಗೊತ್ತಿಲ್ಲದವರು ‘ಗೆದ್ದ ಕುದುರೆ’ ಎಂದು ತಲೆಯಾಡಿಸಿ ಮುಂದೆ ಹೋಗಿಬಿಡುತ್ತಾರೆ, ಏಕೆಂದರೆ ಇದರ ದೊಡ್ಡತನ ಇರುವುದು ತೂಕದ ಲೆಕ್ಕದಲ್ಲಿ. ಬೆಂಗಳೂರು, ಮೈಸೂರು ರೇಸ್ ಕೋರ್ಸ್ ನೋಡಿದವರಿಗೆ ಹ್ಯಾಂಡಿಕ್ಯಾಪ್ ಗೊತ್ತು: ಚೆನ್ನಾಗಿ ಓಡುವ ಕುದುರೆಯ ಮೇಲೆ ಹೆಚ್ಚು ಭಾರ ಹೇರಿ ಉಳಿದವುಗಳ ಜೊತೆ ಸಮ ಮಾಡುವುದು. ಎರಡು ಮೈಲಿಯ ಮೆಲ್ಬರ್ನ್ ಕಪ್ ಅಂಥದ್ದೇ ಓಟ. 1929ರಲ್ಲಿ ಮೂರು ವರ್ಷದ ಫಾರ್ ಲ್ಯಾಪ್ ಹೊತ್ತದ್ದು ಸುಮಾರು 47 ಕೆ.ಜಿ. ಅಷ್ಟು ಕಡಿಮೆ ತೂಕಕ್ಕೆ ಜಾಕಿ ಜಿಮ್ ಪೈಕ್ ಇಳಿಯಲಾಗದೆ ಬಾಬಿ ಲೂಯಿಸ್ ಹತ್ತಿದ. ಕುದುರೆ ಲಗಾಮಿಗೆ ಜಗ್ಗಾಡಿ ಕಸುವು ಕಳೆದುಕೊಂಡು ಮೂರನೆಯದಾಯಿತು. 1930ರಲ್ಲಿ 62.5 ಕೆ.ಜಿ. ಹೊತ್ತು, ಪೈಕ್ ಸವಾರಿಯಲ್ಲಿ, ಮೂರು ಕುದುರೆಯಳತೆ ಮುಂದೆ ಗೆದ್ದಿತು. ಅದೂ ಹೇಗೆ? ಕಪ್‌ಗೆ ಮೂರು ದಿನ ಮುಂಚೆ ಬೆಳಗ್ಗೆ ಕಾರಿನಲ್ಲಿ ಬಂದವರು ಅದರ ಮೇಲೆ ಗುಂಡು ಹಾರಿಸಿದ್ದರು. ಗುಂಡು ತಪ್ಪಿತು, ಅದೇ ಮಧ್ಯಾಹ್ನ ಮೆಲ್ಬರ್ನ್ ಸ್ಟೇಕ್ಸ್ ಗೆದ್ದಿತು. 1931ರಲ್ಲಿ 68 ಕೆ.ಜಿ. ಹೇರಿದರು, ಎಂಟನೆಯದಾಗಿ ಬಂತು. ಈ ಮೂರು ಅಂಕಿ ತಲೆಯಲ್ಲಿಟ್ಟುಕೊಂಡು ಆ ಬೆನ್ನನ್ನು ನೋಡಿ, ನೋಟವೇ ಬೇರೆಯಾಗುತ್ತದೆ.

ಚರ್ಮ ಮೆಲ್ಬರ್ನ್‌ನಲ್ಲಿ ಉಳಿದದ್ದರಿಂದಲೇ ಸಾವಿನ ತನಿಖೆ ಇಷ್ಟು ಮುಂದೆ ಹೋದದ್ದು. ಇಲ್ಲಿ ಒಂದು ತೊಡಕಿತ್ತು: ಹಳೆಯ ಟ್ಯಾಕ್ಸಿಡರ್ಮಿಯಲ್ಲಿ ಹುಳ ಹಿಡಿಯದಿರಲೆಂದು ಚರ್ಮಕ್ಕೆ ಆರ್ಸೆನಿಕ್ ಹಚ್ಚುವುದು ವಾಡಿಕೆ. ಹಾಗಿರುವಾಗ ಕೂದಲಲ್ಲಿ ಆರ್ಸೆನಿಕ್ ಸಿಕ್ಕಿದರೆ ಅದು ಕುದುರೆಯ ಹೊಟ್ಟೆಗೆ ಹೋದದ್ದೋ, ಸತ್ತ ಮೇಲೆ ಬಳಿದದ್ದೋ? ಬುಡ ಸಮೇತ ಇದ್ದ ಕೇಸರದ ಕೂದಲುಗಳನ್ನು ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರದಿಂದ ಹೊಮ್ಮುವ ಪ್ರಬಲ ಎಕ್ಸ್‌-ರೇಯಲ್ಲಿ ಪರೀಕ್ಷಿಸಿ ವಿಜ್ಞಾನಿಗಳಾದ ಐವನ್ ಕೆಂಪ್ಸನ್ ಮತ್ತು ಡರ್ಮಟ್ ಹೆನ್ರಿ ಇವೆರಡನ್ನೂ ಬೇರ್ಪಡಿಸಿದರು. ಹೊರಗಿನಿಂದ ಹಚ್ಚಿದ್ದು ಕೂದಲಿನ ಉದ್ದಕ್ಕೂ ಇರುತ್ತದೆ. ರಕ್ತದ ಮೂಲಕ ಬಂದದ್ದು ಆ ಹೊತ್ತಿನಲ್ಲಿ ಬೆಳೆಯುತ್ತಿದ್ದ ಬುಡದ ಭಾಗದಲ್ಲಿ ಮಾತ್ರ ಸೇರುತ್ತದೆ. ಸಾಯುವುದಕ್ಕೆ 30ರಿಂದ 40 ಗಂಟೆ ಮುಂಚೆ ದೊಡ್ಡ ಪ್ರಮಾಣದ ಆರ್ಸೆನಿಕ್ ಒಳಗೆ ಹೋಗಿತ್ತು ಎಂಬುದು ಅವರ ತೀರ್ಮಾನ.

ಇದನ್ನೇ ಹಿಡಿದು ‘ಅಮೆರಿಕದ ಗೂಂಡಾಗಳು ವಿಷ ಹಾಕಿದರು’ ಎಂದು ಮಕ್ಕಳಿಗೆ ಕತೆ ಹೇಳುವ ಮುಂಚೆ ಇನ್ನೊಂದು ವಸ್ತುವಿನ ವಿಷಯ ತಿಳಿದಿರಲಿ: 2008ರಲ್ಲಿ ಮ್ಯೂಸಿಯಂನವರು 37,000 ಡಾಲರ್ ಕೊಟ್ಟು ಹರಾಜಿನಲ್ಲಿ ಕೊಂಡ ಟೆಲ್‌ಫರ್ಡ್‌ನ ನೋಟ್‌ಬುಕ್. ಅದರಲ್ಲಿ ಅವನು ಕುದುರೆಗಳಿಗೆ ಕುಡಿಸುತ್ತಿದ್ದ ಟಾನಿಕ್‌ಗಳ ಪಾಕವಿಧಾನವಿದೆ. ಆರ್ಸೆನಿಕ್ ಇದೆ, ಸ್ಟ್ರಿಕ್ನಿನ್ ಎಂಬ ಇನ್ನೊಂದು ವಿಷ ಕೂಡ ಇದೆ. ಹಸಿವು ಹೆಚ್ಚಲಿ, ಮೈ ಹೊಳೆಯಲಿ ಎಂದು ಆ ಕಾಲದ ಲಾಯಗಳಲ್ಲಿ ಇದು ಮಾಮೂಲು. ಅಳತೆ ಒಂದಿಷ್ಟು ತಪ್ಪಿದರೆ ಔಷಧವೇ ವಿಷ. ಕರುಳಿನ ಸೋಂಕೇ ಕಾರಣ ಎನ್ನುವ ಪಶುವೈದ್ಯರೂ ಇದ್ದಾರೆ. ಕೊಲೆಗಿಂತ ಲಾಯದ ಅಳತೆತಪ್ಪಿನ ಕಡೆಗೇ ನನ್ನ ಒಲವು.

ವೆಲಿಂಗ್ಟನ್‌ನ ಟೆ ಪಾಪಾದಲ್ಲಿರುವ ಅಸ್ಥಿಪಂಜರಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತಿಲ್ಲ. ಚರ್ಮದ ಒಳಗಿನ ಆಕಾರ ಶಿಲ್ಪಿಯ ಕೈಚಳಕ. ಎಲುಬು ಮಾತ್ರ ಸಂಪೂರ್ಣವಾಗಿ ಆ ಕುದುರೆಯದೇ. ಕಾಲಿನ ಕಡೆಯಿಂದ ನೋಡುತ್ತ ಬನ್ನಿ. ಗೊರಸಿನೊಳಗಿನದು ಒಂದೇ ಬೆರಳಿನ ತುದಿಯ ಎಲುಬು. ಅದರ ಮೇಲಿನ ಉದ್ದನೆಯ ಕ್ಯಾನನ್ ಎಲುಬಿನ ಹಿಂಬದಿಗೆ ಅಂಟಿಕೊಂಡ ಎರಡು ಸಣ್ಣ ಕಡ್ಡಿಗಳು ಹಿಂದೊಮ್ಮೆ ಇದ್ದ ಬೆರಳುಗಳ ಉಳಿಕೆ. 68 ಕೆ.ಜಿ. ಭಾರದ ಜೊತೆಗೆ ಅರ್ಧ ಟನ್ ಮೈಯನ್ನು, ಓಟದ ಒಂದು ಕ್ಷಣದಲ್ಲಿ, ಇಂಥ ಒಂದೇ ಕಾಲು ಹೊರುತ್ತದೆ. ಆಮೇಲೆ ಹೆಗಲಿಗೆ ಬನ್ನಿ. ಕುದುರೆಗೆ ಕೊರಳೆಲುಬಿಲ್ಲ, ಮುಂಗಾಲಿಗೂ ಎದೆಗೂಡಿಗೂ ನಡುವೆ ಎಲುಬಿನ ಕೊಂಡಿಯೇ ಇಲ್ಲ, ಇಡೀ ಎದೆ ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ. ಸ್ನಾಯು ಹೋದ ಮೇಲೆ ಭುಜದ ಹಲಗೆಯನ್ನು ಎಷ್ಟು ಎತ್ತರಕ್ಕೆ, ಎಷ್ಟು ಓರೆಯಾಗಿ ಕೂರಿಸಬೇಕೆಂದು ಹೇಳಲು ಎಲುಬಿನಲ್ಲಿ ಗುರುತು ಇರುವುದಿಲ್ಲ. ಯಾವ ಮ್ಯೂಸಿಯಂನ ಕುದುರೆಯ ಅಸ್ಥಿಪಂಜರವಾದರೂ ಹೆಚ್ಚಾಗಿ ತಪ್ಪುವುದು ಇಲ್ಲೇ. ಹಲಗೆ ಕೆಳಗಿಳಿದರೆ ಕುದುರೆ ಕುಗ್ಗಿದಂತೆ, ಮೇಲೇರಿದರೆ ಬೆಚ್ಚಿದಂತೆ ಕಾಣುತ್ತದೆ. ಎದೆಗೂಡಿನ ಆಳವನ್ನು ಪಕ್ಕದಿಂದಲ್ಲ, ಎದುರಿನಿಂದ ನಿಂತು ಅಳೆಯಿರಿ. ಹದಿನೆಂಟು ಜೊತೆ ಪಕ್ಕೆಲುಬುಗಳ ನಡುವೆ ಎಷ್ಟು ಜಾಗ ಇತ್ತೆಂದು ಆಗ ಗೊತ್ತಾಗುತ್ತದೆ.

2010ರಲ್ಲಿ, ಮೆಲ್ಬರ್ನ್ ಕಪ್‌ನ 150ನೇ ಓಟದ ನೆಪದಲ್ಲಿ, ಈ ಅಸ್ಥಿಪಂಜರ ಮೆಲ್ಬರ್ನ್‌ಗೆ ಹೋಗಿ ಚರ್ಮದ ಪಕ್ಕದಲ್ಲೇ ನಿಂತಿತ್ತು. ಇಡಬೇಕಾದ ಸರಿಯಾದ ರೀತಿ ಅದೇ. ಮತ್ತೆ ಒಟ್ಟುಗೂಡಿಸಿದರೆ ಇನ್ನೊಮ್ಮೆ ಟಿಕೆಟ್ ಕೊಂಡು ಹೋಗಲು ಅಡ್ಡಿಯಿಲ್ಲ.

ಇನ್ನು ಕ್ಯಾನ್‌ಬೆರಾದ ಗುಂಡಿಗೆ. ತೂಕ 6 ಕಿಲೋಗೂ ಮೇಲೆ. ಸಾಮಾನ್ಯ ರೇಸ್ ಕುದುರೆಯದು 4 ಕಿಲೋ ಆಸುಪಾಸು. ದೊಡ್ಡ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ದೂರದ ಓಟದಲ್ಲಿ ಅದೇ ಬಂಡವಾಳ; ತತ್ವ ಸರಿ. ನೋಡಲು ಸಿಗುವುದು ಮಾತ್ರ ದ್ರಾವಣದಲ್ಲಿ ಮುಳುಗಿದ, ಬಣ್ಣ ಕಳೆದ ಒಂದು ಮಾಂಸದ ಮುದ್ದೆ. ಅಳತೆ ಅಂದಾಜಾಗಬೇಕಾದರೆ ಪಕ್ಕದಲ್ಲಿ ಮಾಮೂಲಿ ಕುದುರೆಯ ಹೃದಯ ಇರಬೇಕು. ಒಂದನ್ನೇ ನೋಡಿ ‘ಅಬ್ಬಾ’ ಅನ್ನಲು ಆಗುವುದಿಲ್ಲ. ಮೇಲಾಗಿ ಅನುಮಾನವೂ ಇದೆ. ಶವಪರೀಕ್ಷೆ ಮಾಡಿದ ಪಶುವೈದ್ಯ ಹೃದಯವನ್ನು ತುಂಡು ತುಂಡಾಗಿ ಕತ್ತರಿಸಿದ್ದರು, ಪ್ರದರ್ಶನದಲ್ಲಿರುವುದು ಬಂಡಿ ಎಳೆಯುವ ಕುದುರೆಯದು ಎಂದು ಅವರ ಮಗಳು 1979ರ ಒಂದು ಟಿ.ವಿ. ಸರಣಿಯಲ್ಲಿ ಹೇಳಿದ್ದರು. ಮ್ಯೂಸಿಯಂ ಅದನ್ನು ಫಾರ್ ಲ್ಯಾಪ್‌ನದೆಂದೇ ಇಟ್ಟಿದೆ. ಕುದುರೆ ಹೃದಯದ ಅಂಕಿಗಳನ್ನು ಒಂದು ಚಿಟಿಕೆ ಉಪ್ಪು ಬೆರೆಸಿಯೇ ನುಂಗುವುದು ಒಳ್ಳೆಯದು: ಅಮೆರಿಕದ ಸೆಕ್ರೆಟೇರಿಯಟ್ ಎಂಬ ರೇಸ್ ಕುದುರೆಯ ಹೃದಯ 22 ಪೌಂಡ್ ಎಂದು ಎಲ್ಲೆಡೆ ಓದುತ್ತೇವೆ, ಅದನ್ನು ಯಾರೂ ತೂಗಿರಲಿಲ್ಲ, ವೈದ್ಯರ ಕಣ್ಣಳತೆ ಅದು.

ಕ್ಯಾನ್‌ಬೆರಾ ಮ್ಯೂಸಿಯಂಗೆ ಪ್ರವೇಶ ಉಚಿತ. ಸಿಡ್ನಿಯಿಂದ ಕಾರಿನಲ್ಲಿ ಮೂರು ಗಂಟೆ, ಹೇಗೂ ಪಾರ್ಲಿಮೆಂಟ್ ನೋಡಲು ಹೋಗುವವರು ಒಂದು ಸುತ್ತು ಹಾಕಬಹುದು. ಹೃದಯ ತೀರಾ ನಾಜೂಕಾದ್ದರಿಂದ ಹೊರಡುವ ಮುಂಚೆ ಫೋನ್ ಮಾಡಿ, ಪ್ರದರ್ಶನದಲ್ಲಿ ಇದೆಯೇ ಎಂದು ಕೇಳಿಕೊಳ್ಳಿ. ಇದಕ್ಕೆಂದೇ ಮೆಲ್ಬರ್ನ್‌ನಿಂದ ಏಳು ಗಂಟೆ ಗಾಡಿ ಓಡಿಸುವುದು ದಂಡ. ಆ ಸಮಯದಲ್ಲಿ ಫ್ಲೆಮಿಂಗ್‌ಟನ್ ರೇಸ್ ಕೋರ್ಸ್‌ಗೆ ಹೋಗಿ ಅಲ್ಲಿನ ಕಂಚಿನ ಪ್ರತಿಮೆ ನೋಡಿಬನ್ನಿ.

ಟೆ ಪಾಪಾ ವಿಷಯದಲ್ಲಿ ಎರಡು ಎಚ್ಚರ. ಮೊದಲು ಎಲ್ಲರಿಗೂ ಉಚಿತವಿತ್ತು, 2024ರ ಸೆಪ್ಟೆಂಬರ್‌ನಿಂದ ಹೊರದೇಶದ ವಯಸ್ಕರಿಗೆ 35 ನ್ಯೂಜಿಲೆಂಡ್ ಡಾಲರ್ ಟಿಕೆಟ್ ಇದೆ. ಹಳೇ ಟ್ರಾವೆಲ್ ಬ್ಲಾಗ್ ಓದಿಕೊಂಡು ಹೋದವರು ಕೌಂಟರಿನಲ್ಲಿ ತಬ್ಬಿಬ್ಬಾಗುತ್ತಾರೆ. ಎರಡನೆಯದು, ಭಾರತದ ಪಾಸ್‌ಪೋರ್ಟ್‌ನಲ್ಲಿ ಆಸ್ಟ್ರೇಲಿಯಾ ವಿಸಿಟರ್ ವೀಸಾ ಇದ್ದ ಮಾತ್ರಕ್ಕೆ ನ್ಯೂಜಿಲೆಂಡ್‌ಗೆ ಬಿಡುವುದಿಲ್ಲ. ಅಲ್ಲಿನ ವೀಸಾ ಬೇರೆಯೇ ಆಗಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ವಿಮಾನದ ಟಿಕೆಟ್ ಅದು ಕೈಗೆ ಬಂದ ಮೇಲೆ ತೆಗೆಯಿರಿ.