ದುರ್ಗಿಗುಡಿ ಹಲ್ಲಿನ ಡಾಕ್ಟ್ರಮ್ಮ: ಮನೆಮಂದಿಯೆಲ್ಲ ಹೋಗ್ಬಹುದು, ಶನಿವಾರ ಮಾತ್ರ ಬೇಡ

ಮೊದಲೇ ಹೇಳ್ಬಿಡ್ತೀನಿ, ಗಡಿಬಿಡಿ ಇರೋರಿಗೆ ಶಿವಮೊಗ್ಗ ದುರ್ಗಿಗುಡಿಯ ಈ ಹಲ್ಲಿನ ಕ್ಲಿನಿಕ್ ಆಗಿಬರಲ್ಲ. ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್ ಅಂದ್ರೆ ಕುರ್ಚಿ ಮೇಲೆ ಕೂರೋ ಹೊತ್ತಿಗೆ ಹನ್ನೆರಡಾಗಿರುತ್ತೆ, ಶನಿವಾರ ಆದ್ರೆ ಅದೂ ಗ್ಯಾರಂಟಿ ಇಲ್ಲ, ಸಾಗರ ಹೊಸನಗರ ತೀರ್ಥಳ್ಳಿ ಕಡೆಯೋರೆಲ್ಲ ಪೇಟೆ ಕೆಲಸದ ಜೊತೆ ಹಲ್ಲನ್ನೂ ತೋರಿಸ್ಕೊಂಡು ಹೋಗೋಣ ಅಂತ ಅವತ್ತೇ ಬರ್ತಾರೆ. ಮಹಡಿ ಮೇಲಿದೆ, ಲಿಫ್ಟ್ ಇಲ್ಲ, ಮೆಟ್ಲು ಬೇರೆ ಕಡಿದು. ದುರ್ಗಿಗುಡೀಲಿ ಕಾರ್ ನಿಲ್ಸೋ ಕಥೆ ಶಿವಮೊಗ್ಗದೋರಿಗೆ ನಾನು ಹೇಳ್ಬೇಕಾಗಿಲ್ಲ. ಇಷ್ಟೆಲ್ಲ ಬೈಕೊಂಡೂ ನಮ್ಮನೆಯೋರೆಲ್ಲ, ಏಳು ವರ್ಷದ ಮಗಳಿಂದ ಹಿಡಿದು ಎಪ್ಪತ್ತು ದಾಟಿದ ಮಾವನ ತನಕ, ಅಲ್ಲಿಗೇ ಹೋಗ್ತೀವಿ. ಯಾಕೆ ಅಂತ ಬರೀತೀನಿ, ಉದ್ದ ಆಗುತ್ತೆ.

ದೊಡ್ಡ ಕಾರಣ ಏನಂದ್ರೆ ಈ ಡಾಕ್ಟ್ರಮ್ಮಂಗೆ ಹಲ್ಲು ಕೀಳೋ ಅವಸರ ಇಲ್ಲ. ನಮ್ಮನೆಯವ್ರಿಗೆ ಕೆಳಗಿನ ದವಡೆ ಹಲ್ಲು ನೋವು, ಹಗಲೆಲ್ಲ ಸುಮ್ನಿದ್ದು ರಾತ್ರಿ ಮಲಗಿದ ಕೂಡ್ಲೆ ಶುರು, ಎದ್ದು ಕೂತ್ರೆ ಸ್ವಲ್ಪ ಕಮ್ಮಿ, ಲವಂಗದ ಎಣ್ಣೆ, ಉಪ್ಪುನೀರು, ಮೆಡಿಕಲ್ ಶಾಪಿನ ಮಾತ್ರೆ ಎಲ್ಲ ಆಯ್ತು. ಬೇರೆ ಒಂದು ಕಡೆ ತೋರಿಸಿದಾಗ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, ಕಿತ್ಬಿಡೋಣ, ಆಮೇಲೆ ಇಂಪ್ಲಾಂಟ್, ಅಂದ್ರೆ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟೋ ಹಲ್ಲು, ಹಾಕೋಣ ಅಂದ್ರಂತೆ, ಎಕ್ಸ್‌ರೇ ಕೂಡ ಇಲ್ಲ. ಇಲ್ಲಿ ಮೊದ್ಲು ತೆಗೆದಿದ್ದೇ ಎಕ್ಸ್‌ರೇ. ಬಾಯೊಳಗೆ ಸಣ್ಣ ಸೆನ್ಸರ್ ಇಡ್ತಾರೆ, ಚಿತ್ರ ಆಗಿಂದಾಗ್ಲೇ ಕಂಪ್ಯೂಟರಲ್ಲಿ ಬರುತ್ತೆ. ಸ್ಕ್ರೀನನ್ನ ನಮ್ಮ ಕಡೆ ತಿರುಗಿಸಿ ಪೆನ್ನಿನ ತುದೀಲಿ ತೋರಿಸ್ತಾ ಹೋದ್ರು, ಇಗೋ ಈ ಕಪ್ಪು ಮಚ್ಚೆ ಮೇಲಿಂದ ಇಳಿದು ನಡುವಿನ ನರ ಮುಟ್ಟಿದೆ, ಆದ್ರೆ ಬೇರು ಎರಡೂ ಗಟ್ಟಿ ಇವೆ, ಸುತ್ತ ಮೂಳೆನೂ ಚೆನ್ನಾಗಿದೆ, ಇಂಥ ಹಲ್ಲನ್ನ ಯಾಕೆ ಕೀಳ್ಬೇಕು ಹೇಳಿ ಅಂತ. ನರ ಊದಿಕೊಂಡ್ರೆ ಅದಕ್ಕೆ ಹಿಗ್ಗೋಕೆ ಒಳಗೆ ಜಾಗ ಇರಲ್ಲ, ಮಲಗಿದಾಗ ತಲೆ ಕಡೆ ರಕ್ತದ ಒತ್ತಡ ಜಾಸ್ತಿ, ಅದಕ್ಕೇ ರಾತ್ರಿ ಕಾಟ ಅಂತ ಅದನ್ನೂ ಬಿಡಿಸಿ ಹೇಳಿದ್ರು.

ರೂಟ್ ಕೆನಾಲ್, ಅಂದ್ರೆ ಹಲ್ಲು ಉಳಿಸಿ ಒಳಗಿನ ಕೆಟ್ಟ ನರ ತೆಗೆಯೋದು, ಎರಡು ಸಲ ಕೂರಿಸಿ ಮಾಡಿದ್ರು. ನೋವಾಯ್ತಾ ಅಂತ ಎಲ್ರೂ ಕೇಳ್ತಾರೆ, ಮರಗಟ್ಟಿಸೋ ಇಂಜೆಕ್ಷನ್ ಚುಚ್ಚುವಾಗ ಒಂಚೂರು, ಅಷ್ಟೇ. ಬಾಯಿಗೆ ರಬ್ಬರ್ ಹಾಳೆ ಒಂದು ಕಟ್ಟಿ ಬರೀ ಆ ಒಂದು ಹಲ್ಲು ಹೊರಗೆ ಕಾಣೋ ಹಾಗೆ ಮಾಡಿದ್ರು, ಎಂಜಲು ಒಳಗೆ ಹೋಗಬಾರ್ದು, ಸೂಜಿ ಸಾಮಾನು ಗಂಟ್ಲಿಗೆ ಜಾರಬಾರ್ದು ಅಂತ. ಇದನ್ನ ಎಷ್ಟೋ ಕಡೆ ಹಾಕಲ್ಲ, ನೀವು ಎಲ್ಲೇ ಮಾಡಿಸಿದ್ರೂ ಕೇಳಿ. ಇನ್ನೊಂದು ನೋಡ್ಬೇಕಾದ್ದು, ಸಾಮಾನೆಲ್ಲ ಆಟೋಕ್ಲೇವ್ ಅಂತ ಬಿಸಿ ಹಬೇಲಿ ಕ್ರಿಮಿ ಸಾಯಿಸೋ ಮೆಷಿನ್ನಲ್ಲಿಟ್ಟು ತೆಗೆದ ಕವರಿನಲ್ಲಿ ಬರುತ್ತೆ, ಕವರನ್ನ ನಮ್ಮೆದುರೇ ಹರಿತಾರೆ, ಮೇಲಿರೋ ಗುರುತಿನ ಬಣ್ಣ ಬದಲಾಗಿದ್ರೆ ಅದು ಆ ಮೆಷಿನ್ನಿನ ಬಿಸಿಗೆ ಹೋಗಿ ಬಂದಿದೆ ಅಂತ. ಕೇಳಿದ್ರೆ ನಗ್ತಾನೇ ತೋರಿಸ್ತಾರೆ, ಮುಖ ಸಿಂಡರಿಸಲ್ಲ.

ಇನ್ನು ಮಕ್ಕಳ ವಿಷಯ. ಮಗಳಿಗೆ ಹಲ್ಲು ಉಜ್ಜು ಅಂದ್ರೆ ಉಜ್ಜಿದೀನಿ ಅಂತಾಳೆ, ಬ್ರಷ್ ಒದ್ದೆ ಇರುತ್ತೆ, ಅದಕ್ಕಿಂತ ಸಾಕ್ಷಿ ನಮ್ಮ ಹತ್ರ ಇರ್ಲಿಲ್ಲ. ಡಾಕ್ಟ್ರಮ್ಮ ಬೈಲಿಲ್ಲ, ಹತ್ತೀಲಿ ಗುಲಾಬಿ ಬಣ್ಣದ ಔಷಧಿ ಅದ್ದಿ ಹಲ್ಲಿಗೆಲ್ಲ ಸವರಿದ್ರು, ಮುಕ್ಕಳಿಸು ಪುಟ್ಟಿ ಅಂದ್ರು, ಕೈಗೆ ಕನ್ನಡಿ ಕೊಟ್ರು. ಮುಂದಿನ ಹಲ್ಲು ಮೇಲ್ಭಾಗ ಬೆಳ್ಳಗೆ, ವಸಡಿನ ಅಂಚಿಗೆ ಗೆರೆ ಎಳೆದ ಹಾಗೆ ಗುಲಾಬಿ, ಹಿಂದಿನ ಹಲ್ಲುಗಳ ಸಂದೀಲಿ ಪೂರ್ತಿ ಗಾಢ ಬಣ್ಣ. ಬ್ರಷ್ ಮುಟ್ಟದ ಕಡೆ ಕೂತಿರೋ ಪಾಚಿಗೆ ಮಾತ್ರ ಆ ಬಣ್ಣ ಹಿಡಿಯುತ್ತಂತೆ. ಆಮೇಲೆ ಅವಳ ಕೈಗೇ ಬ್ರಷ್ ಕೊಟ್ಟು ಬಣ್ಣ ಹೋಗೋ ತನಕ ಉಜ್ಜು ಅಂದ್ರು, ಸುಮಾರು ಹೊತ್ತು ಉಜ್ಜಿದ್ಲು, ನಾಲಿಗೆ ಗುಲಾಬಿ, ಫ್ರಾಕ್ ಮೇಲೂ ಎರಡು ತೊಟ್ಟು, ಆ ಕಲೆ ಇವತ್ತಿಗೂ ಹೋಗಿಲ್ಲ. ಬಿಳಿ ಬಟ್ಟೆ ಹಾಕಿ ಕರ್ಕೊಂಡು ಹೋಗ್ಬೇಡಿ.

ಹಿಂದುಗಡೆ ಒಂದು ಹಲ್ಲಿನ ಗೆರೆ ಕಪ್ಪಾಗಿತ್ತು. ಜೊತೆಗೆ ಬಂದಿದ್ದ ನಮ್ಮತ್ತೆ, ಹಾಲುಹಲ್ಲು ತಾನೇ, ಬಿದ್ದು ಹೊಸದು ಬರುತ್ತೆ ಬಿಡಿ ಅಂದ್ರು. ಅದಕ್ಕೆ ಡಾಕ್ಟ್ರಮ್ಮ, ಇಲ್ಲ ಅಮ್ಮ, ಇದು ಬೀಳೋ ಹಲ್ಲಲ್ಲ ಅಂದ್ರು. ಆರು ವರ್ಷದ ಆಸುಪಾಸಲ್ಲಿ ಹಾಲುಹಲ್ಲುಗಳ ಹಿಂದೆ ಮೇಲೆರಡು ಕೆಳಗೆರಡು ದವಡೆ ಹಲ್ಲು ಬರುತ್ತೆ, ಯಾವ ಹಲ್ಲೂ ಬೀಳದೇ ಸದ್ದಿಲ್ದೆ ಬರೋದ್ರಿಂದ ಮನೆಯೋರು ಹಾಲುಹಲ್ಲು ಅಂದ್ಕೊಂಡು ಬಿಟ್ಬಿಡ್ತಾರೆ, ಅದು ಸಾಯೋ ತನಕ ಇರ್ಬೇಕಾದ ಹಲ್ಲು. ಕಪ್ಪಾಗಿದ್ದಕ್ಕೆ ಸಣ್ಣ ಫಿಲ್ಲಿಂಗ್, ಉಳಿದ ಮೂರಕ್ಕೆ ಸೀಲೆಂಟ್ ಅಂತ ಹಾಕಿದ್ರು, ಹಲ್ಲಿನ ಮೇಲಿರೋ ಆಳದ ಗೆರೆಗಳನ್ನ ಮುಚ್ಚೋ ತೆಳು ಲೇಪ, ಕೊರೆಯೋದಿಲ್ಲ, ಇಂಜೆಕ್ಷನ್ ಇಲ್ಲ. ಹಾಲುಹಲ್ಲು ಹುಳುಕಾದ್ರೂ ಬಿಡಬೇಡಿ, ಹೊತ್ತಿಗೆ ಮುಂಚೆ ಕಿತ್ರೆ ಪಕ್ಕದ್ದು ವಾಲಿ ಕೆಳಗಿಂದ ಬರೋ ಹಲ್ಲಿಗೆ ದಾರಿ ಇರಲ್ಲ ಅಂದ್ರು.

ಪೇಸ್ಟ್ ಬಗ್ಗೆ ನಮ್ಮತ್ತೇದೇ ಪ್ರಶ್ನೆ, ಯಾವ ಕಂಪ್ನೀದು ಒಳ್ಳೇದು ಅಂತ. ಕಂಪ್ನಿ ಯಾವ್ದಾದ್ರೂ ಆಗ್ಲಿ, ಫ್ಲೋರೈಡ್ ಇರ್ಬೇಕು, ಟ್ಯೂಬಿನ ಹಿಂಭಾಗದಲ್ಲಿ ಅದರ ಪ್ರಮಾಣ 1000 ಪಿಪಿಎಂ ಅಂತ ಬರೆದಿದ್ಯಾ ನೋಡಿ, ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಷ್ಟು, ಅದಾದ್ಮೇಲೆ ಬಟಾಣಿಯಷ್ಟು ಸಾಕು, ಉಗಿದ ಮೇಲೆ ಬಾಯ್ತುಂಬ ನೀರು ಹಾಕಿ ಮುಕ್ಕಳಿಸ್ಬೇಡಿ, ಇರೋ ಫ್ಲೋರೈಡೂ ಹೋಗುತ್ತೆ ಅಂದ್ರು. ಟೀವೀಲಿ ಬ್ರಷ್ ತುಂಬ ಸಮುದ್ರದ ಅಲೆ ಥರ ಹಾಕ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗ್ಲಿ ಅಂತ ಅಷ್ಟೇ ಅಂತ ನನ್ನ ಅನುಮಾನ. ಏಳೆಂಟು ವರ್ಷದ ತನಕ ರಾತ್ರಿ ಹಲ್ಲುಜ್ಜೋದನ್ನ ದೊಡ್ಡೋರೇ ಮಾಡಿಸ್ಬೇಕಂತೆ. ನಮ್ಮನೇಲಿ ಬೆಳಿಗ್ಗೆ ದೋಸೆಗೆ ಜೋನಿಬೆಲ್ಲ ಇಲ್ದಿದ್ರೆ ಆಗಲ್ಲ, ಅದನ್ನ ಬಿಡಿ ಅನ್ನಲಿಲ್ಲ, ಊಟ ತಿಂಡಿ ಜೊತೆ ತಿನ್ಲಿ, ಹೊತ್ತಲ್ಲದ ಹೊತ್ತಲ್ಲಿ ಬೆರಳಿಗೆ ಹಚ್ಕೊಂಡು ನೆಕ್ಕೋದು ನಿಲ್ಲಿಸಿ ಅಂದ್ರು, ಎಷ್ಟು ತಿಂದ್ರು ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನೋದೇ ಮುಖ್ಯವಂತೆ. ಅಪ್ಪೆಹುಳಿ ಕುಡಿದು ಆ ಕೂಡ್ಲೇ ಬ್ರಷ್ ಮಾಡ್ಬಾರ್ದು, ಹುಳಿಗೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತೆ, ಅರ್ಧ ಗಂಟೆ ಬಿಡ್ಬೇಕು ಅನ್ನೋದು ನನಗೆ ಹೊಸ ವಿಷಯ.

ಈಗ ಮಾವನ ಕಥೆ, ನಾನು ಇಷ್ಟುದ್ದ ಬರೆಯೋಕೆ ಕೂತಿದ್ದೇ ಇದಕ್ಕೆ. ಹೊಸನಗರದ ಕಡೆ ಅಡಿಕೆ ತೋಟ, ಮಾವ ಬೆಳಿಗ್ಗೆ ಕಾಫಿ ಆದ್ಮೇಲೆ ಬಾಯಿಗೆ ಹಾಕಿದ ಕವಳ ರಾತ್ರಿ ಮಲಗುವಾಗ್ಲೂ ಕೆನ್ನೇಲಿ ಇರುತ್ತೆ, ಎಲೆ ಅಡಿಕೆ ಸುಣ್ಣ ಹೊಗೆಸೊಪ್ಪು ನಾಕೂ ಬೇಕು. ಹಲ್ಲುಜ್ಜೋದು ಇದ್ದಿಲ ಪುಡಿ ಉಪ್ಪು, ಅದೂ ತೋರುಬೆರಳಲ್ಲಿ ಗರಗರ ಅಂತ. ಬಂದಿದ್ದು ಅಲ್ಲಾಡ್ತಿದ್ದ ಒಂದು ಹಲ್ಲು ಕೀಳಿಸೋಕೆ. ಡಾಕ್ಟ್ರಮ್ಮ ಹಲ್ಲು ನೋಡೋ ಮೊದ್ಲು, ಯಜಮಾನ್ರೆ, ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರೋ ಹಾಗೆ ಜೋಡಿಸಿ ಬಾಯೊಳಗೆ ಇಡಿ ನೋಡಾಣ ಅಂದ್ರು. ಎರಡು ಬೆರಳು ಹೋಯ್ತು, ಮೂರನೇದು ಹೋಗ್ಲಿಲ್ಲ. ಖಾರ ತಿಂದ್ರೆ ಉರಿಯುತ್ತಾ ಅಂದ್ರು, ಮಾವ ನಮ್ಮತ್ತೆ ಮುಖ ನೋಡಿದ್ರು, ಯಾಕಂದ್ರೆ ಒಂದು ವರ್ಷದಿಂದ ಸಾರಿಗೆ ಮೆಣಸಿನಪುಡಿ ಜಾಸ್ತಿ ಹಾಕ್ತೀಯ ಅಂತ ದಿನಾ ಜಗಳ. ಕೆನ್ನೆ ಒಳಗಿನ ಚರ್ಮ ಮೆತ್ತಗಿರೋ ಬದ್ಲು ನಾರುಗಟ್ಟಿ ಬಿಗಿದಿದೆ, ಇದು ಅಡಿಕೆ ಅಗಿಯೋರಿಗೆ ಬರೋ ಕಾಯಿಲೆ, ಒಂದು ಕಡೆ ಬಿಳಿ ಮಚ್ಚೆನೂ ಇದೆ ಅಂತ ಕನ್ನಡಿ ಹಿಡಿದು ಅವರಿಗೇ ತೋರಿಸಿದ್ರು.

ಅಡಿಕೆ ಬೆಳೆಗಾರನ ಎದುರು ಅಡಿಕೆ ಬಗ್ಗೆ ಮಾತಾಡೋದು ಸಣ್ಣ ಧೈರ್ಯ ಅಲ್ಲ ಮಾರಾಯ್ರೆ. ಮಾವ ಶುರು ಮಾಡಿದ್ರು, ಎಂತ ಮೇಡಂ, ಹೊಗೆಸೊಪ್ಪಿಂದು ಇರ್ಬಹುದು, ಅಡಿಕೆ ಔಷಧಿ, ನಮ್ಮ ಅಜ್ಜ ಕೊನೇ ತನಕ ಕವಳ ಹಾಕ್ತಿದ್ರು ಅಂತ. ಆಯಮ್ಮ ವಾದಕ್ಕೆ ಹೋಗ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದೋರು 2004ರ ವರದೀಲೇ ಹೊಗೆಸೊಪ್ಪಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರೋದು ಖಾತ್ರಿ ಅನ್ನೋ ಮೊದಲ ಗುಂಪಿಗೆ ಸೇರಿಸಿದಾರೆ, ಇಲ್ಲಿನೋರಿಗೆ ಅದರ ಮೇಲೆ ಸಿಟ್ಟಿದೆ ಅಂತಾನೂ ಗೊತ್ತು, ನಮ್ಮ ಅಪ್ಪಯ್ಯನೂ ತೋಟದೋರೇ ಅಂದ್ರು, ಬೆಳೀರಿ, ಸುಲೀರಿ, ಅಡಿಕೆ ಮಂಡಿಗೆ ಹಾಕಿ ದುಡ್ಡು ತಗೊಳ್ಳಿ, ಕೆನ್ನೇಲಿಟ್ಕೊಂಡು ಮಲಗ್ಬೇಡಿ ಅಂದ್ರು. ಮಾವ ಅದಕ್ಕೆ ಏನೂ ಹೇಳ್ಲಿಲ್ಲ, ಮಾವ ಸುಮ್ನಾಗೋದೇ ನಮ್ಮನೇಲಿ ಸುದ್ದಿ.

ಅವತ್ತು ಹಲ್ಲು ಕೀಳಲೇ ಇಲ್ಲ. ಬಾಯಿ ಸರ್ಜನ್ನರ ಹತ್ರ ಬಯಾಪ್ಸಿಗೆ, ಅಂದ್ರೆ ಚೂರು ಚರ್ಮ ತೆಗೆದು ಪರೀಕ್ಷೆ ಮಾಡೋದಕ್ಕೆ, ಚೀಟಿ ಬರೆದುಕೊಟ್ರು, ಸಕ್ಕರೆ ಟೆಸ್ಟ್ ಮಾಡಿಸಿ ಅಂದ್ರು, ತಗೊಂಡಿದ್ದು 200 ರೂಪಾಯಿ ಕನ್ಸಲ್ಟೇಷನ್ ಮಾತ್ರ. ರಿಪೋರ್ಟಲ್ಲಿ ಸದ್ಯ ಕ್ಯಾನ್ಸರ್ ಇಲ್ಲ ಅಂತ ಬಂತು, ಆದ್ರೂ ಬಿಟ್ಟು ಬಿಟ್ಟು ತೋರಿಸ್ಕೊಳ್ತಾ ಇರ್ಬೇಕು, ಬಿಗಿದಿದ್ದು ಪೂರ್ತಿ ಮೊದಲಿನ ಹಾಗೆ ಆಗಲ್ಲ, ಕವಳ ಬಿಟ್ರೆ ಮುಂದಕ್ಕೆ ಹೋಗೋದು ತಡೀಬಹುದು ಅಂದ್ರು, ಬಾಯಿ ತೆರೆಯೋ ವ್ಯಾಯಾಮ ಹೇಳಿಕೊಟ್ರು. ಮಾವ ಹೊಗೆಸೊಪ್ಪು ಬಿಟ್ಟಿದಾರೆ. ಅಡಿಕೆ ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳ್ಲಿ, ಊಟ ಆದ್ಮೇಲೆ ಒಂದು ಹೋಳು ನಡೀತಿದೆ, ರಾತ್ರಿ ಮಾತ್ರ ಬಾಯಿ ಖಾಲಿ.

ಹಲ್ಲು ಆಮೇಲೆ ಕಿತ್ರು. ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಏನೇನು ತಗೋತೀರಿ ಅಂತ ಪಟ್ಟಿ ಕೇಳ್ತಾರೆ, ಹಲ್ಲು ಕೀಳಿಸ್ಬೇಕು ಅಂತ ನೀವೇ ಮಾತ್ರೆ ನಿಲ್ಲಿಸಿಕೊಂಡು ಬರಬೇಡಿ, ಮಾವನ ಹಾರ್ಟ್ ಡಾಕ್ಟರಿಗೆ ಇವರೇ ಫೋನ್ ಹಚ್ಚಿ ಕೇಳಿದ್ರು. ಕಿತ್ತ ಮೇಲೆ ಕನ್ನಡದಲ್ಲಿ ಪ್ರಿಂಟ್ ಹಾಕಿಸಿದ ಒಂದು ಹಾಳೆ ಕೊಡ್ತಾರೆ, ಹತ್ತಿ ಅರ್ಧ ಮುಕ್ಕಾಲು ಗಂಟೆ ಕಚ್ಚಿ ಹಿಡೀಬೇಕು, ಉಗಿಬಾರ್ದು, ಸ್ಟ್ರಾ ಹಾಕಿ ಕುಡೀಬಾರ್ದು, ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದ್ರೆ ಮೂಳೆ ಬರಿದಾಗಿ ಜೀವ ಹೋಗೋ ನೋವು ಬರುತ್ತೆ, ಉಪ್ಪುನೀರು ಮರುದಿನದಿಂದ. ಐಸ್‌ಕ್ರೀಮ್ ತಿನ್ನಿ ಅಂತಾನೂ ಇದೆ, ಆಷಾಢದ ಮಳೇಲಿ ಹೊಸನಗರದಲ್ಲಿ ಐಸ್‌ಕ್ರೀಮ್ ತಿನ್ನೋ ಮುಖ ನೋಡ್ಬೇಕಿತ್ತು, ತಣ್ಣಗಿನ ಗಂಜಿ ಮಜ್ಜಿಗೇಲಿ ಸುಧಾರಿಸಿದ್ವಿ. ಉಗಿಬೇಡಿ ಅನ್ನೋದೇ ಮಾವಂಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು, ಅರವತ್ತು ವರ್ಷದ ಅಭ್ಯಾಸ.

ರೇಟ್ ಹೇಳ್ತೀನಿ, ನಮಗೆ ಆಗಿದ್ದು. ಹಲ್ಲು ಕ್ಲೀನಿಂಗ್ 1000, ರೂಟ್ ಕೆನಾಲ್ 4000, ಮೇಲಿನ ಕ್ಯಾಪ್ ಬೇರೆ, ಒಳಗೆ ಲೋಹ ಮೇಲೆ ಸೆರಾಮಿಕ್ ಇರೋದು 4500, ಪೂರ್ತಿ ಸೆರಾಮಿಕ್ಕಿನ ಜಿರ್ಕೋನಿಯಾದ್ದು ಅದರ ಡಬಲ್ಲು. ಹಿಂದಿನ ಹಲ್ಲು, ಯಾರಿಗೂ ಕಾಣಲ್ಲ, ಕಮ್ಮೀದೇ ಹಾಕಿ, ಆದ್ರೆ ಕ್ಯಾಪ್ ಹಾಕ್ದೇ ಮಾತ್ರ ಬಿಡ್ಬೇಡಿ, ನರ ತೆಗೆದ ದವಡೆ ಹಲ್ಲು ಒಂದಿನ ಗಟ್ಟಿದು ಕಚ್ಚಿದಾಗ ಸೀಳಿ ಹೋಗುತ್ತೆ ಅಂದ್ರು. ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅಂತ ನಮ್ಮತ್ತೆ ಇನ್ನೂ ನಂಬಿದಾರೆ, ಅದು ಗಾರೆ ಥರ ಕಟ್ಕೊಂಡಿದ್ದ ಕೊಳೆ ಹೋದ್ಮೇಲೆ ಸಂದಿ ಕಾಣೋದು ಅಷ್ಟೇ ಅಂತ ಡಾಕ್ಟ್ರಮ್ಮ ಹೇಳಿದ್ರೂ ಕೇಳಲ್ಲ.

ಒಂದು ದಿನ ನಮ್ಮ ಪಕ್ಕ ಕೂತಿದ್ದ ರಿಪ್ಪನ್‌ಪೇಟೆ ಕಡೆಯ ಅಜ್ಜಿ ಪೂರ್ತಿ ಹಲ್ಲುಸೆಟ್ಟಿಗೆ ಎಷ್ಟಾಗುತ್ತೆ ಅಂತ ವಿಚಾರಿಸಿದ್ರು. ಡಾಕ್ಟ್ರಮ್ಮ ರೇಟ್ ಹೇಳಿ, ಅಜ್ಜಿ ಸುಮ್ನಾಗಿದ್ದು ನೋಡಿ, ಬಿಪಿಎಲ್ ಕಾರ್ಡ್ ಇದ್ಯಾ ಅಂತ ಕೇಳಿ, ಸರ್ಕಾರದ ದಂತಭಾಗ್ಯ ಯೋಜನೇಲಿ ಹಲ್ಲುಸೆಟ್ಟು ಸಿಗುತ್ತಾ ವಿಚಾರಿಸಿ, ಇಲ್ಲಾಂದ್ರೆ ಆಲ್ಕೊಳದ ಶರಾವತಿ ಡೆಂಟಲ್ ಕಾಲೇಜಲ್ಲಿ ಕೇಳಿ ನೋಡಿ ಅಂತ ಚೀಟೀಲಿ ಬರೆದುಕೊಟ್ರು. ಬಂದ ಗಿರಾಕಿನ ಹೀಗೆ ಬೇರೆ ಕಡೆ ಕಳಿಸೋರು ಎಷ್ಟು ಜನ ಇದಾರೆ.

ದೂರು ಇನ್ನೂ ಇವೆ. ಫೋನ್ ಎತ್ತಲ್ಲ. ಕ್ಯಾಪ್ ಲ್ಯಾಬಿಂದ ಹೇಳಿದ ದಿನಕ್ಕೆ ಬರ್ಲಿಲ್ಲ, ನಮ್ಮನೆಯವ್ರು ರಜೆ ಹಾಕಿ ಹೋಗಿ ಬರಿಗೈಲಿ ವಾಪಸ್, ಮೊದ್ಲೇ ಒಂದು ಮೆಸೇಜ್ ಹಾಕೋಕೆ ಏನಾಗಿತ್ತು. ರಿಸೆಪ್ಷನ್ನಿನ ಹುಡುಗಿಗೆ ಹಳ್ಳಿಯೋರ ಹತ್ರ ಮಾತಾಡುವಾಗ ಸ್ವರ ಏರುತ್ತೆ, ಡಾಕ್ಟ್ರಮ್ಮಂಗೆ ಇದು ಗೊತ್ತಿಲ್ವೋ ಗೊತ್ತಿದ್ದೂ ಸುಮ್ನಿದಾರೋ. ಮಂಡಿನೋವಿನೋರಿಗೆ ಆ ಮೆಟ್ಲು ನಿಜವಾಗ್ಲೂ ಕಷ್ಟ, ಮಾವನ್ನ ಇಬ್ರು ಹಿಡ್ಕೊಂಡು ಹತ್ತಿಸಿದ್ವಿ. ಐದಕ್ಕೆ ನಾಲ್ಕು ಸ್ಟಾರ್, ಆ ಒಂದು ಕಟ್ ಆಗಿದ್ದು ಪೂರ್ತಿ ಕ್ಲಿನಿಕ್ಕಿನ ವ್ಯವಸ್ಥೆಗೆ, ಡಾಕ್ಟ್ರಮ್ಮಂಗಲ್ಲ.

ಹೋಗೋರು ವಾಟ್ಸಾಪಲ್ಲಿ ಕೇಳಿ, ಅದಕ್ಕೆ ಸಂಜೆಯೊಳಗೆ ಉತ್ತರ ಬರುತ್ತೆ. ದೂರದೋರಾದ್ರೆ ಊರಿನ ಹೆಸರು ಹಾಕಿ, ಬಸ್ ನೋಡ್ಕೊಂಡು ಬೆಳಿಗ್ಗೆ ಮೊದಲ ನಂಬರ್ ಕೊಡ್ತಾರೆ. ಮಂಗಳವಾರ ಬುಧವಾರ ಜನ ಕಮ್ಮಿ, ಭಾನುವಾರ ಬಾಗ್ಲು ಹಾಕಿರುತ್ತೆ. ಹಳೇ ಎಕ್ಸ್‌ರೇ, ಮಾತ್ರೆ ಚೀಟಿ, ಸಕ್ಕರೆ ಕಾಯಿಲೆ ಇದ್ರೆ ರಿಪೋರ್ಟ್ ಮರೀಬೇಡಿ, ಇಲ್ಲಾಂದ್ರೆ ಇನ್ನೊಂದಿನ ಬನ್ನಿ ಅಂತಾರೆ. ಕಾರ್ ಆದಷ್ಟು ಮನೇಲೇ ಬಿಟ್ಟು ಆಟೋದಲ್ಲಿ ಹೋಗಿ.